ಕಲಾವಿದರು ಹಾಗೂ ಸಾಂಸ್ಕೃತಿಕ ಸಂಘ-ಸಂಸ್ಥೆಗಳ ಮಾಹಿತಿಗಾಗಿ: ಕಲೆಯ ಆರ್ಥಿಕತೆ, ಸಾಂಸ್ಕೃತಿಕ ನೀತಿ ಮತ್ತು ಸರ್ಕಾರದ ನೆರವು (ಹುಬ್ಬಳ್ಳಿ-ಧಾರವಾಡ)

1. ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಹಿಂದೂಸ್ತಾನಿ ಸಂಗೀತ, ವೃತ್ತಿ ರಂಗಭೂಮಿ, ಸಾಹಿತ್ಯ ಹಾಗೂ ಜನಪದ ಕಲೆಗಳಿಗೆ ಹೆಸರಾದ ಪ್ರದೇಶವಾಗಿದೆ. ದೊಡ್ಡಾಟ, ಸಣ್ಣಾಟ, ಗೀಗೀ ಪದ, ಡೊಳ್ಳು, ಹೆಜ್ಜೆಮೇಳ, ಜಗ್ಗಲಿಗೆ ಮುಂತಾದ ಕಲೆಗಳನ್ನು ಅವಲಂಬಿಸಿರುವ ಕುಟುಂಬಗಳು ನಗರದಲ್ಲಿಯೂ ಸುತ್ತಲಿನ ಗ್ರಾಮಗಳಲ್ಲಿಯೂ ಇವೆ. ಈ ಕಲಾವಿದರಿಗಾಗಿ ರಾಜ್ಯ ಹಾಗೂ ಕೇಂದ್ರ ಸರ್ಕಾರಗಳ ಹಲವು ಯೋಜನೆಗಳು ಜಾರಿಯಲ್ಲಿವೆ. ಆದರೆ ಯೋಜನೆಯ ಉದ್ದೇಶ ತಿಳಿಯದೆ, ಅಗತ್ಯ ದಾಖಲೆಗಳಿಲ್ಲದೆ ಅರ್ಜಿ ಸಲ್ಲಿಸುವುದರಿಂದ ಅರ್ಹರಿಗೂ ನೆರವು ದೊರೆಯದೆ ಹೋಗುವ ಸಂಭವವಿದೆ. ಆದ್ದರಿಂದ ನೆರವಿನ ಹಿನ್ನೆಲೆ, ನಿಯಮಗಳು ಮತ್ತು ಅರ್ಜಿದಾರರು ವಹಿಸಬೇಕಾದ ಎಚ್ಚರಿಕೆಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

2. ಕಲೆಗೆ ಪೋಷಣೆ: ಒಂದು ಹಿನ್ನೋಟ

ಈ ಭಾಗದಲ್ಲಿ ಕಲೆಯು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮೂಲಗಳಿಂದ ಪೋಷಣೆ ಪಡೆದಿದೆ.

(ಅ) ಸಂಘ-ಸಂಸ್ಥೆಗಳು: 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಸದಸ್ಯರ ವಂತಿಗೆ ಮತ್ತು ದಾನಿಗಳ ನೆರವಿನಿಂದ ನಡೆಯುವ ಸಂಸ್ಥೆಗಳಿಗೆ ಇದು ಈ ಭಾಗದಲ್ಲಿ ಮೊದಲ ಮಾದರಿಗಳಲ್ಲೊಂದಾಯಿತು.

(ಆ) ನಾಟಕ ಮಂಡಳಿಗಳು: ವೃತ್ತಿ ನಾಟಕ ಕಂಪನಿಗಳು ಟಿಕೆಟ್ ಮಾರಾಟವನ್ನೇ ನಂಬಿದ್ದವು. ಕುಂದಗೋಳದ ಸವಾಯಿ ಗಂಧರ್ವರು (1886-1952) ನಾಟಕ ಮಂಡಳಿಗಳಲ್ಲಿ ಪಾತ್ರ ವಹಿಸಿ ಹೆಸರಾದವರು. ಪಂ. ಮಲ್ಲಿಕಾರ್ಜುನ ಮನಸೂರ (1910-1992) ಅವರೂ ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿದವರು. ಏಣಗಿ ಬಾಳಪ್ಪನವರು (1914-2017) ಕಲಾವೈಭವ ನಾಟ್ಯ ಸಂಘವನ್ನು ದೀರ್ಘಕಾಲ ನಡೆಸಿದರು. ಮಳೆ, ಬರ ಅಥವಾ ಸಾಂಕ್ರಾಮಿಕ ರೋಗದಿಂದ ಒಂದು ಹಂಗಾಮು ಕೈತಪ್ಪಿದರೆ ಕಂಪನಿಯು ಸಾಲಕ್ಕೆ ಸಿಲುಕುವುದು ಈ ವ್ಯವಸ್ಥೆಯ ಸಹಜ ಅಪಾಯವಾಗಿತ್ತು. ಚಲನಚಿತ್ರವು ಬಂದ ಮೇಲೆ ಗಲ್ಲಾಪೆಟ್ಟಿಗೆಯ ಆದಾಯ ಇನ್ನಷ್ಟು ಕುಗ್ಗಿತು.

(ಇ) ಚಂದಾದಾರರು: ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಓದುಗರಿಂದ ಮುಂಗಡವಾಗಿ ಚಂದಾ ಪಡೆದು ಪುಸ್ತಕ ಪ್ರಕಟಿಸುವ ಕ್ರಮವನ್ನು ಅನುಸರಿಸಿತು. ಮುದ್ರಣಕ್ಕೆ ಮೊದಲೇ ಬಂಡವಾಳ ಕೈಸೇರುವುದರಿಂದ ಹೊಸ ಲೇಖಕರ ಕೃತಿಗಳನ್ನು ತರಲು ಇದು ನೆರವಾಯಿತು.

(ಈ) ಸಾರ್ವಜನಿಕ ಸಂಸ್ಥೆಗಳು: 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಗೊಂಡಿತು ಹಾಗೂ 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಇವುಗಳಿಂದ ಸಂಗೀತಗಾರರಿಗೆ ಬೋಧನೆ, ನಿಲಯ ಕಲಾವಿದರ ಹುದ್ದೆ ಮತ್ತು ಪ್ರಸಾರ ಸಂಭಾವನೆಯ ರೂಪದಲ್ಲಿ ನಿಯಮಿತ ಆದಾಯದ ದಾರಿ ತೆರೆಯಿತು. ಕೇವಲ ಸಭೆ-ಸಮಾರಂಭಗಳ ಬಿದಾಯಿಯನ್ನು ನಂಬಿದ್ದವರಿಗೆ ಇದೊಂದು ಮಹತ್ವದ ಬದಲಾವಣೆಯಾಗಿತ್ತು.

(ಉ) ಸ್ಮಾರಕ ಟ್ರಸ್ಟ್‌ಗಳು: ದ.ರಾ. ಬೇಂದ್ರೆ, ಪಂ. ಮಲ್ಲಿಕಾರ್ಜುನ ಮನಸೂರ, ಪಂ. ಬಸವರಾಜ ರಾಜಗುರು, ಆಲೂರು ವೆಂಕಟರಾವ್ ಮುಂತಾದವರ ಹೆಸರಿನ ಟ್ರಸ್ಟ್‌ಗಳು ಸರ್ಕಾರದ ಅನುದಾನದ ನೆರವಿನಿಂದ ಧಾರವಾಡದಲ್ಲಿ ಕಾರ್ಯಕ್ರಮಗಳನ್ನು ನಡೆಸುತ್ತಿವೆ.

3. ಸರ್ಕಾರದ ನೆರವು ಏಕೆ ಅಗತ್ಯ?

ಜನರು ಮೆಚ್ಚುವ ಕಲೆ ತನ್ನ ವೆಚ್ಚವನ್ನು ತಾನೇ ಏಕೆ ಭರಿಸಬಾರದು ಎಂಬ ಪ್ರಶ್ನೆ ಸಾರ್ವಜನಿಕರಿಂದ ಕೇಳಿಬರುವುದುಂಟು. ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ ಅವರು 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಣೆ ನೀಡಿದ್ದಾರೆ. ಕಾರ್ಖಾನೆಯಲ್ಲಿ ಯಂತ್ರಗಳಿಂದ ಪ್ರತಿ ಕಾರ್ಮಿಕನ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಅದರೊಂದಿಗೆ ಕೂಲಿಯೂ ಹೆಚ್ಚುತ್ತದೆ. ಆದರೆ ಒಂದು ತಾಸಿನ ಖಯಾಲ್ ಗಾಯನಕ್ಕೆ ಐವತ್ತು ವರ್ಷಗಳ ಹಿಂದೆಯೂ ಒಂದು ತಾಸು ಬೇಕಿತ್ತು, ಇಂದಿಗೂ ಬೇಕು. ಹತ್ತು ಪಾತ್ರಗಳ ದೊಡ್ಡಾಟವನ್ನು ಐದು ಜನರಿಂದ ಆಡಿಸಲಾಗದು. ಕಲಾವಿದರ ಜೀವನ ವೆಚ್ಚ ಇತರರಂತೆಯೇ ಏರುತ್ತದೆ. ಪ್ರದರ್ಶನದ ವೆಚ್ಚವೂ ಏರುತ್ತದೆ. ಟಿಕೆಟ್ ದರವನ್ನು ಮಾತ್ರ ಅದೇ ಪ್ರಮಾಣದಲ್ಲಿ ಏರಿಸಲಾಗದು.

ಉದಾಹರಣೆಗೆ, ಒಂದು ಹವ್ಯಾಸಿ ತಂಡವು ನಾಟಕವೊಂದಕ್ಕೆ ರಂಗಮಂದಿರದ ಬಾಡಿಗೆ, ರಂಗಸಜ್ಜಿಕೆ, ಬೆಳಕು, ವೇಷಭೂಷಣ, ತಾಲೀಮು ಮತ್ತು ಸಂಭಾವನೆ ಸೇರಿ ರೂ. 90,000 ವೆಚ್ಚ ಮಾಡಿದೆ ಎಂದು ಭಾವಿಸೋಣ. 300 ಆಸನಗಳು ರೂ. 100ರ ದರದಲ್ಲಿ ಪೂರ್ಣ ಭರ್ತಿಯಾದರೂ ಬರುವ ಆದಾಯ ರೂ. 30,000 ಮಾತ್ರ. ಬಾಡಿಗೆ ಮತ್ತು ಸಂಭಾವನೆಗಳು ಪ್ರತಿ ಪ್ರದರ್ಶನಕ್ಕೂ ಮರುಕಳಿಸುವುದರಿಂದ ಪ್ರದರ್ಶನಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಕೊರತೆ ತಾನಾಗಿಯೇ ನೀಗುವುದಿಲ್ಲ. ಈ ಕೊರತೆಯನ್ನು ಯಾರಾದರೊಬ್ಬರು ತುಂಬಲೇಬೇಕಾಗುತ್ತದೆ. ದಾನಿಗಳು ಅಥವಾ ಸರ್ಕಾರ ತುಂಬದಿದ್ದಲ್ಲಿ ಕಲಾವಿದರೇ ತಮ್ಮ ಸಂಭಾವನೆಯನ್ನು ಬಿಟ್ಟುಕೊಟ್ಟು ತುಂಬುತ್ತಾರೆ. ಅಂತಹ ಕಲಾವಿದರಿಗೆ ಉಳಿತಾಯ, ಭವಿಷ್ಯ ನಿಧಿ ಮತ್ತು ನಿವೃತ್ತಿ ವೇತನ ಇರುವುದಿಲ್ಲ. ಮಾಸಾಶನ ಯೋಜನೆಯ ಮೂಲ ಆಶಯವನ್ನು ಈ ದೃಷ್ಟಿಯಿಂದ ಅರಿಯತಕ್ಕದ್ದು. ಅದು ಸಮಾಜವು ಕಡಿಮೆ ಬೆಲೆಗೆ ಪಡೆದುಕೊಂಡ ಸೇವೆಗೆ ತಡವಾಗಿ ಸಲ್ಲುವ ಒಂದು ಭಾಗಶಃ ಪ್ರತಿಫಲವಾಗಿದೆ.

4. ರಾಜ್ಯದ ಸಾಂಸ್ಕೃತಿಕ ನೀತಿ ಹಾಗೂ ಅಧಿನಿಯಮಗಳು

ಡಾ. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿಯು ಸಾಂಸ್ಕೃತಿಕ ನೀತಿಯ ಕುರಿತ ವರದಿಯನ್ನು 2014ರಲ್ಲಿ ಸರ್ಕಾರಕ್ಕೆ ಸಲ್ಲಿಸಿತು. 2017ರಲ್ಲಿ ಸಚಿವ ಸಂಪುಟವು ನೀತಿಗೆ ಅನುಮೋದನೆ ನೀಡಿತು. 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಅಧಿನಿಯಮದನ್ವಯ ಈ ವರ್ಗಗಳ ಕಲಾವಿದರಿಗಾಗಿ ಅನುದಾನವನ್ನು ಪ್ರತ್ಯೇಕವಾಗಿ ಕಾಯ್ದಿರಿಸಲಾಗುತ್ತದೆ. 2024ರಲ್ಲಿ ರಾಜ್ಯ ವಿಧಾನಮಂಡಲವು ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣ ಕುರಿತ ಕಾನೂನನ್ನು ಅಂಗೀಕರಿಸಿತು. ಸಿನಿಮಾ ಟಿಕೆಟ್ ಮುಂತಾದವುಗಳ ಮೇಲೆ ಶೇ. 1ರಿಂದ ಶೇ. 2ರವರೆಗೆ ಉಪಕರ ವಿಧಿಸಿ ಕಲ್ಯಾಣ ನಿಧಿ ರಚಿಸುವುದು ಇದರ ಉದ್ದೇಶವಾಗಿದೆ.

5. ನೆರವಿನ ಪ್ರಮುಖ ಯೋಜನೆಗಳು

(ಅ) ಕಲಾವಿದರ ಮಾಸಾಶನ (ರಾಜ್ಯ): ಕಷ್ಟ ಪರಿಸ್ಥಿತಿಯಲ್ಲಿರುವ, 58 ವರ್ಷ ತುಂಬಿದ ಸಾಹಿತಿ-ಕಲಾವಿದರು ಅರ್ಜಿ ಸಲ್ಲಿಸಬಹುದು. ಆದಾಯ ಮಿತಿ ಮತ್ತು ಮಾಸಾಶನದ ಮೊತ್ತಕ್ಕೆ ಅರ್ಜಿಯ ಸಮಯದಲ್ಲಿ ಜಾರಿಯಲ್ಲಿರುವ ಸರ್ಕಾರಿ ಆದೇಶವೇ ಆಧಾರ. ಫಲಾನುಭವಿಗಳು ಜೀವಿತ ಪ್ರಮಾಣ ಪತ್ರವನ್ನು ಸಕಾಲದಲ್ಲಿ ಸಲ್ಲಿಸತಕ್ಕದ್ದು.

(ಆ) ಸಂಘ-ಸಂಸ್ಥೆಗಳಿಗೆ ಧನಸಹಾಯ (ರಾಜ್ಯ): ನೋಂದಾಯಿತ ಸಾಂಸ್ಕೃತಿಕ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಹಾಗೂ ವಾದ್ಯ, ವೇಷಭೂಷಣ ಖರೀದಿಗೆ ನೆರವು ನೀಡಲಾಗುತ್ತದೆ. ಅರ್ಜಿ ಆಹ್ವಾನವನ್ನು ಪತ್ರಿಕಾ ಪ್ರಕಟಣೆಯ ಮೂಲಕ ತಿಳಿಸಲಾಗುತ್ತದೆ.

(ಇ) ಹಿರಿಯ ಕಲಾವಿದರಿಗೆ ಆರ್ಥಿಕ ನೆರವು (ಕೇಂದ್ರ): ಕೇಂದ್ರ ಸಂಸ್ಕೃತಿ ಸಚಿವಾಲಯದ ಈ ಯೋಜನೆಯಡಿ 60 ವರ್ಷ ತುಂಬಿದ, ವಾರ್ಷಿಕ ಆದಾಯ ರೂ. 72,000 ಮೀರದ ಕಲಾವಿದರಿಗೆ ಮಾಸಿಕ ಗರಿಷ್ಠ ರೂ. 6,000ವರೆಗೆ ನೆರವು ದೊರೆಯುತ್ತದೆ. ರಾಜ್ಯದ ಮಾಸಾಶನ ಪಡೆಯುತ್ತಿರುವವರು ಆ ಮಂಜೂರಾತಿ ಆದೇಶವನ್ನು ಜೋಪಾನವಾಗಿರಿಸಿಕೊಳ್ಳುವುದು. ಕೇಂದ್ರದ ಯೋಜನೆಗೆ ಅದು ಮುಖ್ಯ ದಾಖಲೆಯಾಗಿರುತ್ತದೆ.

(ಈ) ಗುರು-ಶಿಷ್ಯ ಪರಂಪರೆ (ಕೇಂದ್ರ): ರೆಪರ್ಟರಿ ಅನುದಾನದಡಿ ಆಯ್ಕೆಯಾದ ಸಂಸ್ಥೆಯ ಗುರುವಿಗೆ ಮಾಸಿಕ ರೂ. 15,000 ನೀಡಲಾಗುತ್ತದೆ. ಶಿಷ್ಯರಿಗೆ ವಯಸ್ಸಿಗನುಗುಣವಾಗಿ ನೆರವು ಇರುತ್ತದೆ.

6. ತೆರಿಗೆ ಸಂಬಂಧಿತ ವಿಷಯಗಳು

1958ರ ಕರ್ನಾಟಕ ಮನರಂಜನಾ ತೆರಿಗೆ ಅಧಿನಿಯಮದ ಸ್ಥಾನದಲ್ಲಿ 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಜಾರಿಗೆ ಬಂದಿತು. ಕಲಾವಿದರು ಈ ಕೆಳಗಿನ ಅಂಶಗಳನ್ನು ಗಮನಿಸುವುದು:

• ಸೇವೆ ಒದಗಿಸುವವರ ವಾರ್ಷಿಕ ಒಟ್ಟು ವಹಿವಾಟು ರೂ. 20 ಲಕ್ಷ ಮೀರದಿದ್ದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಅಗತ್ಯವಿರುವುದಿಲ್ಲ.
• ಜನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ ಒಂದು ಪ್ರದರ್ಶನಕ್ಕೆ ರೂ. 1,50,000 ಮೀರದಿದ್ದಲ್ಲಿ ವಿನಾಯಿತಿ ಇದೆ. ಚಲನಚಿತ್ರ ಗೀತೆಗಳ ವಾದ್ಯಗೋಷ್ಠಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.
• ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳ ಪ್ರವೇಶ ದರ ಪ್ರತಿ ವ್ಯಕ್ತಿಗೆ ರೂ. 500 ಮೀರದಿದ್ದಲ್ಲಿ ವಿನಾಯಿತಿ ಇದೆ.
• ಕಲೆ-ಸಂಸ್ಕೃತಿ ತರಬೇತಿಗೆ ಇರುವ ವಿನಾಯಿತಿಯನ್ನು 2022ರ ಜುಲೈ 18ರಿಂದ ವೈಯಕ್ತಿಕವಾಗಿ ಕಲಿಸುವವರಿಗೆ ಸೀಮಿತಗೊಳಿಸಲಾಗಿದೆ. ಸಂಸ್ಥೆಯ ಹೆಸರಿನಲ್ಲಿ ತರಗತಿ ನಡೆಸುವವರು ತಮ್ಮ ವಾರ್ಷಿಕ ವಹಿವಾಟಿನ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ.

7. ಕೃತಿಸ್ವಾಮ್ಯ ಹಾಗೂ ಪ್ರದರ್ಶಕರ ಹಕ್ಕು

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಅಸ್ತಿತ್ವದಲ್ಲಿರುತ್ತದೆ. ಅವಧಿಯನ್ನು ಮರಣದ ಮುಂದಿನ ಕ್ಯಾಲೆಂಡರ್ ವರ್ಷದಿಂದ ಎಣಿಸಲಾಗುತ್ತದೆ. ಅದರಂತೆ ಬೇಂದ್ರೆಯವರ (ಮರಣ 1981) ಕೃತಿಗಳು 2041ರ ಅಂತ್ಯದವರೆಗೆ, ಶ್ರೀರಂಗರ (ಮರಣ 1984) ನಾಟಕಗಳು 2044ರ ಅಂತ್ಯದವರೆಗೆ, ಗಿರೀಶ ಕಾರ್ನಾಡರ (ಮರಣ 2019) ನಾಟಕಗಳು 2079ರ ಅಂತ್ಯದವರೆಗೆ ರಕ್ಷಣೆಯಲ್ಲಿರುತ್ತವೆ. ಟಿಕೆಟ್ ಇರಿಸಿ ಪ್ರದರ್ಶಿಸುವ ತಂಡಗಳು ಹಕ್ಕುದಾರರ ಲಿಖಿತ ಅನುಮತಿ ಪಡೆದಿರತಕ್ಕದ್ದು. ಹವ್ಯಾಸಿ ಸಂಘವು ಹಣ ಪಡೆಯದೆ ಪ್ರೇಕ್ಷಕರಿಗೆ ನೀಡುವ ಪ್ರದರ್ಶನಕ್ಕೆ ಅಧಿನಿಯಮದಲ್ಲಿ ವಿನಾಯಿತಿ ಇದೆ.

ಹಾಡುಗಾರರು, ವಾದಕರು ಮತ್ತು ನಟರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಇದೆ. 2012ರ ತಿದ್ದುಪಡಿಯಿಂದ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕೂ ದೊರೆತಿದೆ. ಆದ್ದರಿಂದ ಧ್ವನಿಮುದ್ರಣ ಅಥವಾ ಚಿತ್ರೀಕರಣಕ್ಕೆ ಒಪ್ಪುವ ಮುನ್ನ ಕರಾರು ಪತ್ರವನ್ನು ಓದಿಸಿ ಕೇಳಿ, ಪ್ರತಿಯನ್ನು ಪಡೆದು ಸಹಿ ಮಾಡುವುದು. ಬರಿಯ ಹಾಳೆಯ ಮೇಲೆ ಎಂದಿಗೂ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬಾರದು.

8. ರಾತ್ರಿ ಪ್ರದರ್ಶನಗಳು

2000ದ ಶಬ್ದ ಮಾಲಿನ್ಯ ನಿಯಮಗಳನ್ವಯ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬದ ಸಂದರ್ಭದಲ್ಲಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಅವಕಾಶ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಬೆಳತನಕ ನಡೆಯುವ ಆಟಗಳನ್ನು ಏರ್ಪಡಿಸುವವರು ಮುಂಚಿತವಾಗಿ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು.

9. ಇಟ್ಟುಕೊಳ್ಳಬೇಕಾದ ದಾಖಲೆಗಳು

ನಲವತ್ತು ವರ್ಷ ಆಟ ಆಡಿದ ಕಲಾವಿದರ ಬಳಿ ಅದನ್ನು ತೋರಿಸುವ ಒಂದು ಕಾಗದವೂ ಇಲ್ಲದಿರುವುದು ಅಪರೂಪವಲ್ಲ. ಕಡತದಲ್ಲಿ ದಾಖಲೆ ಇಲ್ಲದಿದ್ದರೆ ಆಯ್ಕೆ ಸಮಿತಿಗೆ ಕಲಾಸೇವೆಯನ್ನು ಪರಿಗಣಿಸಲು ಆಧಾರವಿರುವುದಿಲ್ಲ. ಆದ್ದರಿಂದ ಕಲಾವಿದರು 58 ವರ್ಷ ತುಂಬುವವರೆಗೆ ಕಾಯದೆ ಇಂದಿನಿಂದಲೇ ಕೆಳಕಂಡವುಗಳನ್ನು ಒಂದು ಕಡತದಲ್ಲಿ ಸಂಗ್ರಹಿಸುವುದು:

ವೈಯಕ್ತಿಕ ಕಲಾವಿದರು:
• ಕಾರ್ಯಕ್ರಮಗಳ ಕರಪತ್ರ, ಆಮಂತ್ರಣ ಪತ್ರಿಕೆ, ದಿನಾಂಕ ಕಾಣುವಂತಹ ಪತ್ರಿಕಾ ವರದಿಗಳು
• ಸಂಘಟಕರು ಅಥವಾ ಗ್ರಾಮ ಪಂಚಾಯಿತಿ ನೀಡಿದ ಪ್ರಮಾಣ ಪತ್ರ, ಆಕಾಶವಾಣಿಯ ಕರಾರು ಪತ್ರ
• ಪ್ರದರ್ಶನದ ಛಾಯಾಚಿತ್ರಗಳು (ಹಿಂಬದಿಯಲ್ಲಿ ಸ್ಥಳ ಮತ್ತು ದಿನಾಂಕ ಬರೆದಿರಬೇಕು)
• ವಯಸ್ಸಿನ ದಾಖಲೆ, ತಹಶೀಲ್ದಾರರಿಂದ ಪಡೆದ ಚಾಲ್ತಿಯಲ್ಲಿರುವ ಆದಾಯ ಪ್ರಮಾಣ ಪತ್ರ, ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರ
• ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಪಾಸ್‌ಬುಕ್ ಪ್ರತಿ

ಸಂಘ-ಸಂಸ್ಥೆಗಳು:
• 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿಯ ನೋಂದಣಿ ಪತ್ರ, ಉಪನಿಯಮಗಳು
• ಜಿಲ್ಲಾ ನೋಂದಣಾಧಿಕಾರಿಗಳಿಗೆ ಪ್ರತಿ ವರ್ಷ ಸಲ್ಲಿಸಿದ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ
• ಲೆಕ್ಕಪರಿಶೋಧಕರ ವರದಿ, ಹಿಂದಿನ ಅನುದಾನದ ಹಣ ಬಳಕೆ ಪ್ರಮಾಣ ಪತ್ರ
• ವೆಚ್ಚದ ಮೂಲ ರಸೀದಿಗಳು ಹಾಗೂ ಕಲಾವಿದರಿಗೆ ಸಂಭಾವನೆ ಸಂದಾಯವಾದ ದಾಖಲೆ

ಸಂಭಾವನೆಯನ್ನು ಸಾಧ್ಯವಾದ ಮಟ್ಟಿಗೆ ಬ್ಯಾಂಕ್ ಮೂಲಕವೇ ಪಾವತಿಸುವಂತೆ ಸಂಘಗಳನ್ನು ಕೋರಲಾಗಿದೆ. ಇದು ಸಂಘಕ್ಕೆ ಲೆಕ್ಕಪರಿಶೋಧನೆಯಲ್ಲಿ ಅನುಕೂಲವಾಗುವುದಲ್ಲದೆ ಕಲಾವಿದರಿಗೆ ಕಲಾಸೇವೆಯ ದಾಖಲೆಯೂ ಆಗುತ್ತದೆ.

10. ಅರ್ಜಿ ಸಲ್ಲಿಕೆ ಹಾಗೂ ಸಾಮಾನ್ಯ ಸೂಚನೆಗಳು

• ರಾಜ್ಯದ ಯೋಜನೆಗಳಿಗೆ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ ಸ್ವೀಕೃತಿ ಪತ್ರವನ್ನು ಪಡೆಯುವುದು. ಮಾಹಿತಿಗಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧಾರವಾಡ ಜಿಲ್ಲಾ ಕಚೇರಿಯನ್ನು ಸಂಪರ್ಕಿಸುವುದು.
• ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿ ಇರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು. ರಂಗದ ಹೆಸರು ಬೇರೆಯಿದ್ದಲ್ಲಿ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಪ್ರಮಾಣ ಪತ್ರ ಲಗತ್ತಿಸುವುದು.
• ಸರ್ಕಾರದ ಇತರೆ ಮಾಸಿಕ ನೆರವು ಪಡೆಯುತ್ತಿದ್ದಲ್ಲಿ ನೈಜ ಸಂಗತಿಯನ್ನು ಅರ್ಜಿಯಲ್ಲಿ ತಿಳಿಸತಕ್ಕದ್ದು.
• ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಕೇಳಬಹುದು. 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಸಲ್ಲಿಸಿದ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ನ್ಯೂನತೆ ಸರಿಪಡಿಸಿ ಮುಂದಿನ ಬಾರಿ ಮತ್ತೆ ಅರ್ಜಿ ಸಲ್ಲಿಸಬಹುದು.
• ಮಧ್ಯವರ್ತಿಗಳಿಗೆ ಹಣ ನೀಡಬಾರದು.
• ಓದು-ಬರಹ ಬಾರದ ಹಿರಿಯ ಕಲಾವಿದರ ಪರವಾಗಿ ಕುಟುಂಬದವರು, ಶಿಷ್ಯರು ಹಾಗೂ ಸ್ಥಳೀಯ ಸಂಘಗಳು ಅರ್ಜಿ ಭರ್ತಿ ಮಾಡಲು ನೆರವಾಗಬೇಕೆಂದು ವಿನಂತಿಸಲಾಗಿದೆ.

ವಿ.ಸೂ.: ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ದರ, ಮಿತಿ ಹಾಗೂ ಷರತ್ತುಗಳಿಗೆ ಸಂಬಂಧಿಸಿದಂತೆ ಆಯಾ ಸಮಯದಲ್ಲಿ ಜಾರಿಯಲ್ಲಿರುವ ಅಧಿನಿಯಮ, ನಿಯಮ ಮತ್ತು ಸರ್ಕಾರಿ ಆದೇಶಗಳೇ ಅಂತಿಮವಾಗಿರುತ್ತವೆ.