ಅಂಕಪಟ್ಟಿಯಿಂದ ಜಾರಿದ ಹೆಸರುಗಳು

2024ರ ಮಾರ್ಚ್ 3, ಭಾನುವಾರ. ಅಮೆರಿಕದ ಅಯೋವಾ ಸಿಟಿಯ ಕಾರ್ವರ್-ಹಾಕೈ ಕ್ರೀಡಾಂಗಣ ಕಿಕ್ಕಿರಿದಿತ್ತು. ಅಯೋವಾ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಓಹಾಯೊ ಸ್ಟೇಟ್ ತಂಡ ಎದುರಾಳಿ. ಮೊದಲರ್ಧ ಮುಗಿಯಲು ಒಂದು ಸೆಕೆಂಡೂ ಉಳಿಯದಿದ್ದಾಗ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಅವರಿಗೆ ಎರಡು ಫ್ರೀ ಥ್ರೋ ದೊರೆತವು. ಎರಡೂ ಬುಟ್ಟಿಗೆ ಬಿದ್ದವು. 1970ರಲ್ಲಿ ಪೀಟ್ ಮ್ಯಾರವಿಚ್ ಬರೆದಿಟ್ಟಿದ್ದ 3,667 ಅಂಕಗಳ ದಾಖಲೆ ಅಲ್ಲಿಗೆ ಹಿಂದೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮ್ಯಾರವಿಚ್ ತೀರಿಕೊಂಡು ಆಗಲೇ 36 ವರ್ಷ ಕಳೆದಿತ್ತು. ಆದರೆ ಅದೇ ಕ್ರೀಡಾಂಗಣದಲ್ಲಿ ಅತಿಥಿಯಾಗಿ ಕುಳಿತಿದ್ದ 64 ವರ್ಷದ ಮಹಿಳೆಯೊಬ್ಬರಿದ್ದರು. ಅವರ ಹೆಸರು ಲಿನೆಟ್ ವುಡರ್ಡ್. ಕಾಲೇಜು ದಿನಗಳಲ್ಲಿ ಅವರು ಗಳಿಸಿದ್ದು 3,649 ಅಂಕ. ನಾಲ್ಕು ದಿನದ ಹಿಂದಷ್ಟೇ ಕ್ಲಾರ್ಕ್ ಅದನ್ನು ದಾಟಿದ್ದರು. ಸೋಜಿಗವೆಂದರೆ, ಅದಕ್ಕೂ ಮೊದಲು ಫೆಬ್ರುವರಿ 15ರಂದು, ಕೆಲ್ಸಿ ಪ್ಲಮ್ ಅವರ 3,527 ಅಂಕಗಳನ್ನು ದಾಟಿದಾಗಲೇ ಕ್ಲಾರ್ಕ್ ಮಹಿಳಾ ಕಾಲೇಜು ಆಟದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಎಂಬ ಘೋಷಣೆ ಹೊರಬಿದ್ದಿತ್ತು. 3,527ಕ್ಕಿಂತ 3,649 ದೊಡ್ಡದಲ್ಲವೇ? ಹಾಗಿದ್ದರೆ ವುಡರ್ಡ್ ಎಲ್ಲಿ ಹೋದರು?

ಕಾಲೇಜು ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳು ತಮ್ಮ ಹಳೆಯ ತಾರೆಗಳನ್ನು ಹೇಗೆ ನೆನೆಯುತ್ತಾರೆ, ಹೇಗೆ ಮರೆಯುತ್ತಾರೆ ಎಂಬುದರ ಗುಟ್ಟು ಈ ಒಂದು ಪ್ರಶ್ನೆಯಲ್ಲಿದೆ.

ನಾಲ್ಕು ವರ್ಷದ ಬೆಳಕು

1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲೆಂದು ಗೋಡೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ತಗುಲಿಸಿದರು. ಹೀಗೆ ಹುಟ್ಟಿದ ಆಟ ಬೆಳೆದದ್ದು ಕಾಲೇಜುಗಳ ಅಂಗಳದಲ್ಲಿ. ನೈಸ್ಮಿತ್ ಅವರೇ 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ತಂಡ ಕಟ್ಟಿದರು. ವೃತ್ತಿಪರರ ಎನ್.ಬಿ.ಎ. ಶುರುವಾದದ್ದು 1946ರಲ್ಲಿ, ಬೇರೊಂದು ಹೆಸರಿನಲ್ಲಿ. ಅಷ್ಟು ಹೊತ್ತಿಗೆ ಕಾಲೇಜು ಆಟಕ್ಕೆ ಅರ್ಧ ಶತಮಾನದ ಚರಿತ್ರೆಯಿತ್ತು. 1939ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾದ ಎನ್.ಸಿ.ಎ.ಎ. ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ 2011ರ ಹೊತ್ತಿಗೆ 68 ತಂಡಗಳು ಆಡುತ್ತಿದ್ದವು. ವೃತ್ತಿಪರ ತಂಡವಿಲ್ಲದ ಎಷ್ಟೋ ಊರುಗಳಿಗೆ ಕಾಲೇಜು ತಂಡವೇ ಊರಿನ ತಂಡ. ಕಾಲೇಜಿನ ಮೆಟ್ಟಿಲು ಹತ್ತದವರೂ ಅದರ ಅಭಿಮಾನಿಗಳೇ.

ತೊಡಕು ಇರುವುದು ಇಲ್ಲಿಯೇ. ಒಬ್ಬ ಕ್ರಿಕೆಟಿಗ ಹದಿನೈದು ವರ್ಷ ಆಡಿದರೆ ಅಜ್ಜ, ಅಪ್ಪ, ಮಗ ಮೂವರೂ ಅವನನ್ನು ಕಣ್ಣಾರೆ ಕಾಣಬಹುದು. ಕಾಲೇಜು ಆಟಗಾರನಿಗೆ ಸಾಮಾನ್ಯವಾಗಿ ನಾಲ್ಕು ವರ್ಷ. 1972ರವರೆಗೆ ಬಹುಪಾಲು ಕಡೆ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಆಡಲು ಅವಕಾಶವೇ ಇರಲಿಲ್ಲ, ಮೂರೇ ವರ್ಷ. ಅಭಿಮಾನಿಯೋ ಐವತ್ತು ವರ್ಷ ಅದೇ ಗ್ಯಾಲರಿಯಲ್ಲಿ ಕೂರುತ್ತಾನೆ. ಅವನ ಕಣ್ಣೆದುರು ಹನ್ನೆರಡು ತಲೆಮಾರಿನ ಹುಡುಗರು ಬಂದು ಹೋಗುತ್ತಾರೆ. ತನ್ನ ಹದಿಹರೆಯದಲ್ಲಿ ಕಂಡವನೇ ಅವನಿಗೆ ಎಲ್ಲರಿಗಿಂತ ದೊಡ್ಡವನು. ಮಗನಿಗೆ ಆ ಹೆಸರು ಬರೀ ಮಾತು, ಮೊಮ್ಮಗನಿಗೆ ಅದೂ ಇಲ್ಲ.

ಒಂದು ಕೈಯ ಹೊಡೆತ

ಹೀಗೆ ಮರೆಯಾದವರಲ್ಲಿ ಹ್ಯಾಂಕ್ ಲೂಯಿಸೆಟಿ ಮೊದಲಿಗರು ಎನ್ನಬಹುದು. 1930ರ ದಶಕದಲ್ಲಿ ಆಟಗಾರರು ಎರಡೂ ಕಾಲು ನೆಲಕ್ಕೂರಿ ಎರಡೂ ಕೈಯಿಂದ ಚೆಂಡನ್ನು ಬುಟ್ಟಿಯತ್ತ ಎಸೆಯುತ್ತಿದ್ದರು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸೆಟಿ ಓಡುತ್ತ ನೆಗೆದು ಒಂದೇ ಕೈಯಲ್ಲಿ ಎಸೆದರು. 1936ರ ಡಿಸೆಂಬರ್ 30ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸ್ಟ್ಯಾನ್‌ಫರ್ಡ್ 45-31ರಿಂದ ಲಾಂಗ್ ಐಲೆಂಡ್ ವಿಶ್ವವಿದ್ಯಾಲಯವನ್ನು ಸೋಲಿಸಿತು. ಸತತ 43 ಪಂದ್ಯ ಗೆದ್ದಿದ್ದ ತಂಡವದು. ಮರುದಿನದಿಂದ ದೇಶದ ಹುಡುಗರೆಲ್ಲ ಒಂದು ಕೈಯ ಹೊಡೆತವನ್ನು ಕಲಿಯತೊಡಗಿದರು. 1938ರ ಹೊಸ ವರ್ಷದ ದಿನ ಡುಕೇನ್ ವಿರುದ್ಧ ಲೂಯಿಸೆಟಿ ಒಬ್ಬರೇ 50 ಅಂಕ ಗಳಿಸಿದರು. ತಂಡಗಳೇ ಅಷ್ಟು ಅಂಕ ಗಳಿಸಲು ಪರದಾಡುತ್ತಿದ್ದ ಕಾಲ ಅದು. ಹಾಲಿವುಡ್ ಅವರನ್ನಿಟ್ಟು ಒಂದು ಚಿತ್ರವನ್ನೂ ತೆಗೆಯಿತು.

ಎರಡನೇ ಮಹಾಯುದ್ಧದ ವೇಳೆ ನೌಕಾಪಡೆಯಲ್ಲಿದ್ದಾಗ, 1944ರಲ್ಲಿ, ಅವರಿಗೆ ಮೆನಿಂಜೈಟಿಸ್ ಬಂತು. ಮತ್ತೆ ಆಡಲಾಗಲಿಲ್ಲ. ಎರಡು ವರ್ಷದ ನಂತರ ವೃತ್ತಿಪರ ಲೀಗ್ ಆರಂಭವಾದಾಗ ಅವರು ಅಂಗಣದಲ್ಲಿರಲಿಲ್ಲ. 1950ರಲ್ಲಿ ಅರ್ಧ ಶತಮಾನದ ಶ್ರೇಷ್ಠ ಆಟಗಾರ ಯಾರೆಂದು ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಮತ ಕೇಳಿದಾಗ ಲೂಯಿಸೆಟಿಗೆ ಎರಡನೇ ಸ್ಥಾನ ಸಿಕ್ಕಿತ್ತು. 2002ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರು ಯಾರು ಎಂಬುದನ್ನು ಮೊದಲಿನಿಂದ ವಿವರಿಸಬೇಕಾಯಿತು. ಒಂದು ಕೈಯಲ್ಲಿ ಚೆಂಡೆಸೆಯುವ ಹುಡುಗರು ಮಾತ್ರ ಲೋಕದ ತುಂಬ ಇದ್ದರು.

ಟಿ.ವಿ. ಕಂಡವರು

ಲೂಯಿಸೆಟಿಗೆ ಇಲ್ಲದ್ದು ಟೆಲಿವಿಷನ್. 1979ರ ರಾಷ್ಟ್ರೀಯ ಫೈನಲ್‌ನಲ್ಲಿ ಮ್ಯಾಜಿಕ್ ಜಾನ್ಸನ್ ಅವರ ಮಿಷಿಗನ್ ಸ್ಟೇಟ್, ಲ್ಯಾರಿ ಬರ್ಡ್ ಅವರ ಇಂಡಿಯಾನಾ ಸ್ಟೇಟ್ ತಂಡವನ್ನು 75-64ರಿಂದ ಮಣಿಸಿತು. ಟಿ.ವಿ. ಇದ್ದ ಮನೆಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಮನೆ ಆ ಪಂದ್ಯ ನೋಡಿತು. ಇಬ್ಬರೂ ಮುಂದೆ ವೃತ್ತಿಪರರಾಗಿ ಹೆಸರು ಮಾಡಿದ್ದರಿಂದ ಆ ನೆನಪು ಇನ್ನಷ್ಟು ಗಟ್ಟಿಯಾಯಿತು.

1992ರ ಮಾರ್ಚ್ 28ರ ಕತೆ ಇನ್ನೂ ಸ್ವಾರಸ್ಯಕರ. ಡ್ಯೂಕ್ ತಂಡ ಕೆಂಟಕಿಗಿಂತ ಒಂದು ಅಂಕ ಹಿಂದಿತ್ತು, ಉಳಿದದ್ದು 2.1 ಸೆಕೆಂಡ್. ಗ್ರ್ಯಾಂಟ್ ಹಿಲ್ ಅಂಗಣದ ಆ ತುದಿಯಿಂದ ಎಸೆದ ಚೆಂಡನ್ನು ಕ್ರಿಶ್ಚಿಯನ್ ಲೇಟ್ನರ್ ಹಿಡಿದು, ತಿರುಗಿ, ಬುಟ್ಟಿಗೆ ಹಾಕಿದರು. ಡ್ಯೂಕ್ 104, ಕೆಂಟಕಿ 103. ಪ್ರತಿ ವರ್ಷ ಟೂರ್ನಿ ಬಂದಾಗ ಟಿ.ವಿ.ಯವರು ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ಆಗಿನ್ನೂ ಹುಟ್ಟದಿದ್ದವರೂ ಲೇಟ್ನರ್ ಅವರನ್ನು ಬಲ್ಲರು. ಕೆಂಟಕಿಯವರಾದರೆ ಇಂದಿಗೂ ಅವರ ಮೇಲೆ ಸಿಟ್ಟು. ಅದೇ ಕೆಂಟಕಿ, ಸೋತ ತನ್ನ ನಾಲ್ವರು ಹಿರಿಯ ಆಟಗಾರರ ಅಂಗಿಗಳನ್ನು ಕ್ರೀಡಾಂಗಣದ ಮಾಡಿಗೆ ತೂಗುಹಾಕಿ ಗೌರವಿಸಿತು. ವಿಶ್ವವಿದ್ಯಾಲಯದ ಮೇಲೆ ಶಿಸ್ತು ಕ್ರಮ ಜರುಗಿ ತಂಡ ಕಳೆಗುಂದಿದ್ದಾಗಲೂ ಬಿಟ್ಟು ಹೋಗದೆ ಉಳಿದವರು ಅವರು. ಊರು ನೆನಪಿಟ್ಟದ್ದು ಅದನ್ನು.

ಆ ಬಗೆಯ ಉಳಿಯುವಿಕೆ ಮುಂದೆ ಅಪರೂಪವಾಯಿತು. 2006ರಿಂದ ಎನ್.ಬಿ.ಎ.ಗೆ ಸೇರಲು 19 ವರ್ಷ ತುಂಬಿರಬೇಕು, ಶಾಲೆ ಮುಗಿದು ಒಂದು ವರ್ಷವಾಗಿರಬೇಕು ಎಂಬ ನಿಯಮ ಬಂದ ಮೇಲೆ ಪ್ರತಿಭಾವಂತ ಹುಡುಗರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಡತೊಡಗಿದರು. 2021ರಿಂದ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗಿ ಕೂಡಲೇ ಆಡುವುದೂ ಸಲೀಸಾಯಿತು. ಮುಖ ಪರಿಚಯವಾಗುವಷ್ಟರಲ್ಲಿ ಆಟಗಾರ ಇನ್ನೊಂದು ಅಂಗಿ ತೊಟ್ಟಿರುತ್ತಾನೆ.

ಮುರಿಯುವವರು ಬಂದಾಗ

ಮರೆತವರನ್ನು ಮರಳಿ ಕರೆತರುವುದು ಸಾಮಾನ್ಯವಾಗಿ ಅವರ ದಾಖಲೆಗೆ ಕೈ ಹಾಕುವ ಹೊಸಬರು. ಓಹಾಯೊದ ರಯೋ ಗ್ರ್ಯಾಂಡ್ ಕಾಲೇಜಿನಲ್ಲಿ ನೂರು ಮಂದಿ ವಿದ್ಯಾರ್ಥಿಗಳೂ ಇರಲಿಲ್ಲ. ಅಲ್ಲಿನ ಬೀವೊ ಫ್ರಾನ್ಸಿಸ್ 1953ರ ಜನವರಿಯಲ್ಲಿ ಒಂದೇ ಪಂದ್ಯದಲ್ಲಿ 116 ಅಂಕ ಗಳಿಸಿದರು. ಎದುರಾಳಿ ಎರಡು ವರ್ಷದ ಜೂನಿಯರ್ ಕಾಲೇಜು ಎಂಬ ಕಾರಣಕ್ಕೆ ಎನ್.ಸಿ.ಎ.ಎ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುವರ್ಷ ಫೆಬ್ರುವರಿ 2ರಂದು ಹಿಲ್ಸ್‌ಡೇಲ್ ಕಾಲೇಜಿನ ಎದುರು ಫ್ರಾನ್ಸಿಸ್ 113 ಅಂಕ ಗಳಿಸಿ ಉತ್ತರ ಕೊಟ್ಟರು. ಬಳಿಕ ಅವರ ಹೆಸರು ಮಸುಕಾಯಿತು. 2012ರಲ್ಲಿ ಗ್ರಿನೆಲ್ ಕಾಲೇಜಿನ ಜ್ಯಾಕ್ ಟೇಲರ್ 138 ಅಂಕ ಗಳಿಸಿದ ದಿನ ಪತ್ರಿಕೆಗಳಲ್ಲಿ ಫ್ರಾನ್ಸಿಸ್ ಮತ್ತೆ ಕಾಣಿಸಿಕೊಂಡರು.

ಮ್ಯಾರವಿಚ್ ಅವರದೂ ಅದೇ ಕತೆ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪರ ಮೂರೇ ವರ್ಷದಲ್ಲಿ, 83 ಪಂದ್ಯಗಳಲ್ಲಿ, ಸರಾಸರಿ 44.2ರಂತೆ ಅವರು 3,667 ಅಂಕ ಗಳಿಸಿದ್ದರು. ಆಗ ಕಾಲೇಜು ಆಟದಲ್ಲಿ ದೂರದ ಹೊಡೆತಕ್ಕೆ ಮೂರು ಅಂಕ ಕೊಡುವ ಗೆರೆ ಇರಲಿಲ್ಲ. 1988ರ ಜನವರಿ 5ರಂದು ಗೆಳೆಯರೊಡನೆ ಆಡುತ್ತಲೇ ಕುಸಿದು, 40ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹುಟ್ಟಿನಿಂದಲೇ ಅವರ ಹೃದಯದ ಎಡ ರಕ್ತನಾಳ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. 2023ರಲ್ಲಿ ಡೆಟ್ರಾಯಿಟ್ ಮರ್ಸಿಯ ಆಂಟ್ವಾನ್ ಡೇವಿಸ್ ಐದು ವರ್ಷ, 144 ಪಂದ್ಯ ಆಡಿ 3,664ಕ್ಕೆ ನಿಂತರು. ಮೂರು ಅಂಕ ಕಡಿಮೆ. ಆ ವಸಂತದಲ್ಲಿ ಒಂದು ಹೊಸ ತಲೆಮಾರು ಮ್ಯಾರವಿಚ್ ಆಟದ ಹಳೆಯ ಚಿತ್ರಗಳನ್ನು ಹುಡುಕಿ ನೋಡಿತು.

ಲೆಕ್ಕಕ್ಕೇ ಸಿಗದವರು

ದಾಖಲೆ ಪುಸ್ತಕದಲ್ಲಿ ಹೆಸರಿದ್ದರೆ ಎಂದಾದರೂ ಯಾರಾದರೂ ಬಂದು ಎಬ್ಬಿಸಬಹುದು. ಪುಸ್ತಕಕ್ಕೇ ಸೇರದವರ ಗತಿ ಏನು?

ನೈಸ್ಮಿತ್ ಅವರಿಂದ ಕ್ಯಾನ್ಸಸ್‌ನಲ್ಲಿ ಆಟದ ಪಾಠ ಕಲಿತವರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ವಿದ್ಯಾರ್ಥಿಯಿದ್ದರು. ಅಲ್ಲಿನ ತಂಡದಲ್ಲಿ ಆಡಲು ಅವರಿಗೆ ಅವಕಾಶವಿರಲಿಲ್ಲ. ಮುಂದೆ ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ ಕಪ್ಪು ಜನರ ಕಾಲೇಜೊಂದರ ತರಬೇತುದಾರರಾದರು. 1944ರ ಮಾರ್ಚ್ 12ರ ಭಾನುವಾರ, ಊರಿಗೆ ಊರೇ ಚರ್ಚಿನಲ್ಲಿದ್ದಾಗ, ಅವರ ತಂಡ ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯರ ತಂಡದೊಡನೆ ಬಾಗಿಲು ಮುಚ್ಚಿಕೊಂಡು ಆಡಿತು. ಕಪ್ಪು ಬಿಳಿ ಆಟಗಾರರು ಒಟ್ಟಿಗೆ ಆಡುವುದು ಅಲ್ಲಿ ಅಪರಾಧವಾಗಿತ್ತು. ಮೆಕ್‌ಲೆಂಡನ್ ತಂಡ 88-44ರಿಂದ ಗೆದ್ದಿತು. ಸಂಗತಿ ಪತ್ರಿಕೆಗೆ ಬರಲಿಲ್ಲ. 1996ರಲ್ಲಿ ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ಬರೆದ ಮೇಲೆಯೇ ದೇಶಕ್ಕೆ ತಿಳಿದದ್ದು. ಅರ್ಧ ಶತಮಾನ ಆ ಆಟ ಆಡಿದವರ ನೆನಪಿನಲ್ಲಿ ಮಾತ್ರ ಇತ್ತು.

ವುಡರ್ಡ್ ಆಡಿದ್ದು ಮುಚ್ಚಿದ ಬಾಗಿಲ ಹಿಂದೆ ಅಲ್ಲ. ಅದೇ ಕ್ಯಾನ್ಸಸ್ ವಿಶ್ವವಿದ್ಯಾಲಯದ ಪರ 1977ರಿಂದ 1981ರವರೆಗೆ ಎಲ್ಲರ ಎದುರೇ ಆಡಿದರು. ಆದರೆ ಆ ವರ್ಷಗಳಲ್ಲಿ ಎನ್.ಸಿ.ಎ.ಎ. ಮಹಿಳೆಯರಿಗಾಗಿ ಚಾಂಪಿಯನ್‌ಷಿಪ್ ನಡೆಸುತ್ತಿರಲಿಲ್ಲ. 1971ರಲ್ಲಿ ಹುಟ್ಟಿದ ಎ.ಐ.ಎ.ಡಬ್ಲ್ಯು. ಎಂಬ ಮಹಿಳಾ ಸಂಘ ಆ ಕೆಲಸ ಮಾಡುತ್ತಿತ್ತು. 1972ರಲ್ಲಿ, ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಕೂಡದು ಎಂಬ ಕಾನೂನು ಬಂತು. ಮಹಿಳಾ ಆಟ ಬೆಳೆಯಿತು, ಬೆಳೆದಂತೆ ಎನ್.ಸಿ.ಎ.ಎ. ಅದರತ್ತ ತಿರುಗಿತು. 1982ರಲ್ಲಿ ತನ್ನದೇ ಮಹಿಳಾ ಟೂರ್ನಿ ನಡೆಸಿತು. ಹಣದಲ್ಲಿ, ಟಿ.ವಿ. ಒಪ್ಪಂದದಲ್ಲಿ ಸರಿಸಾಟಿಯಾಗಲಾರದೆ ಅದೇ ವರ್ಷ ಮಹಿಳಾ ಸಂಘ ಬಾಗಿಲು ಹಾಕಿತು.

ಎನ್.ಸಿ.ಎ.ಎ. ಮಹಿಳಾ ಆಟವನ್ನು ತನ್ನದಾಗಿಸಿಕೊಂಡಿತು, ಆಟಗಾರ್ತಿಯರ ಹಳೆಯ ಅಂಕಗಳನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳಲಿಲ್ಲ. ಟೆನೆಸಿಯ ಪ್ರಸಿದ್ಧ ತರಬೇತುದಾರ್ತಿ ಪ್ಯಾಟ್ ಸಮಿಟ್ ಅವರ 1,098 ಗೆಲುವುಗಳಲ್ಲಿ 1982ಕ್ಕೆ ಮೊದಲಿನವೂ ಸೇರಿವೆ. ತರಬೇತುದಾರರ ಗೆಲುವು ಲೆಕ್ಕಕ್ಕೆ ಬಂದರೆ ಆಟಗಾರ್ತಿಯರ ಅಂಕ ಯಾಕೆ ಬರಬಾರದು ಎಂದು ಹಳಬರು ಕೇಳುತ್ತಲೇ ಬಂದರು. ಹೀಗಾಗಿ 2024ರ ಫೆಬ್ರುವರಿಯಲ್ಲೂ 3,649 ಎಂಬ ಸಂಖ್ಯೆ ಅಧಿಕೃತ ಪಟ್ಟಿಯ ಹೊರಗಿತ್ತು.

ವುಡರ್ಡ್ ಸಾಮಾನ್ಯ ಆಟಗಾರ್ತಿಯಲ್ಲ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ನಾಯಕಿ. 1985ರಲ್ಲಿ ಹಾರ್ಲೆಂ ಗ್ಲೋಬ್‌ಟ್ರಾಟರ್ಸ್ ತಂಡ ಸೇರಿದ ಮೊದಲ ಮಹಿಳೆ. ಅವರು ಕಾಲೇಜಿನಲ್ಲಿ ಆಡುವಾಗ ಹೆಣ್ಣುಮಕ್ಕಳಿಗೂ ಗಂಡಸರ ಅಳತೆಯ ದೊಡ್ಡ ಚೆಂಡೇ ಇತ್ತು. ಮೂರು ಅಂಕದ ಗೆರೆ ಇರಲಿಲ್ಲ.

ಫೆಬ್ರುವರಿ 28ರಂದು ಕ್ಲಾರ್ಕ್ 3,649ನ್ನು ದಾಟಿದಾಗ ಅಯೋವಾದ ತರಬೇತುದಾರ್ತಿ ಲೀಸಾ ಬ್ಲೂಡರ್, ತಮ್ಮ ಮಟ್ಟಿಗೆ ನಿಜವಾದ ದಾಖಲೆ ಇದೇ ಎಂಬ ಅರ್ಥದ ಮಾತಾಡಿದರು. ನಾಲ್ಕು ದಿನದ ಬಳಿಕ ಅಯೋವಾ ಸಿಟಿಯಲ್ಲಿ ವುಡರ್ಡ್ ಅವರನ್ನು ಪ್ರೇಕ್ಷಕರಿಗೆ ಪರಿಚಯಿಸಿದಾಗ ಜನ ಹರ್ಷೋದ್ಗಾರ ಮಾಡಿದರು. ಅಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅವರ ಕಾಲೇಜು ಆಟವನ್ನು ಕಂಡಿರಲಾರರು. ಅವರ ಹೆಸರು ಆ ವಾರದ ಪತ್ರಿಕೆಗಳಲ್ಲಿ ಬಂದಷ್ಟು, ನಡುವಿನ ಎಷ್ಟೋ ವರ್ಷಗಳಲ್ಲಿ ಬಂದಿರಲಿಲ್ಲ.

ಕ್ಲಾರ್ಕ್ 3,951 ಅಂಕಗಳೊಂದಿಗೆ ಕಾಲೇಜು ಆಟ ಮುಗಿಸಿದರು. ಆದರೆ ಏಣಿ ಅಲ್ಲಿಗೇ ಮುಗಿಯುವುದಿಲ್ಲ. 1975ರಿಂದ 1979ರವರೆಗೆ ದಕ್ಷಿಣ ಕ್ಯಾರೊಲಿನಾದ ಸಣ್ಣ ಕಾಲೇಜು ಫ್ರಾನ್ಸಿಸ್ ಮೇರಿಯನ್ ಪರ ಆಡಿದ ಪರ್ಲ್ ಮೂರ್ ಅಲ್ಲಿ 3,884 ಅಂಕ, ಅದಕ್ಕೂ ಮೊದಲು ಒಂದು ಜೂನಿಯರ್ ಕಾಲೇಜಿನಲ್ಲಿ 177 ಅಂಕ ಗಳಿಸಿದ್ದರು. ಒಟ್ಟು 4,061. ಅದೂ ಮಹಿಳಾ ಸಂಘದ ಕಾಲದ್ದೇ. ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2021ರಲ್ಲಿ, ಆಟ ಮುಗಿಸಿ 42 ವರ್ಷದ ಮೇಲೆ. ಆ ಮೊತ್ತ ಕ್ಲಾರ್ಕ್ ಗಳಿಸಿದ್ದಕ್ಕಿಂತ 110 ಹೆಚ್ಚು. ಮುಂದೆ ಯಾವ ಹುಡುಗಿಯಾದರೂ ಕ್ಲಾರ್ಕ್ ಅವರನ್ನು ದಾಟಿ ಮೇಲೇರಿದರೆ ಆಗ ಪತ್ರಿಕೆಗಳು ಪರ್ಲ್ ಮೂರ್ ಯಾರೆಂದು ಬರೆಯಬೇಕಾಗುತ್ತದೆ.