ಬಾಟಲಿ ಬಾಯಿಗಿಟ್ಟರೆ ಮಗು ಅಳುತ್ತದೆಯೇ? ಗಲ್ಫ್‌ನಲ್ಲಿರುವ ಅಪ್ಪ-ಅಮ್ಮಂದಿರಿಗೆ ಒಂದಿಷ್ಟು ಮಾಹಿತಿ

ಬಾಟಲಿ ಬಾಯಿಗಿಟ್ಟ ಕೂಡಲೇ ಮಗು ಬೆನ್ನು ಬಿಲ್ಲಿನಂತೆ ಬಾಗಿಸಿ ಅಳುತ್ತದೆ. ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತದೆ. ಸ್ವಲ್ಪ ಹೊತ್ತಿಗೆ ಹಸಿವಾಗಿ ಕೈ ಚೀಪುತ್ತದೆ, ಮತ್ತೆ ಬಾಟಲಿ ಕೊಟ್ಟರೆ ಮತ್ತೆ ಅಳು. ಎಳೆ ಮಗು ಇರುವ ಮನೆಗಳಲ್ಲಿ ಇದು ಹೊಸ ವಿಷಯವಲ್ಲ. ಊರಲ್ಲಾದರೆ ಬಾಣಂತನಕ್ಕೆ ಅಮ್ಮನೋ ಅತ್ತೆಯೋ ಇರುತ್ತಾರೆ, ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳುವ ಕೈ ಸಿಗುತ್ತದೆ. ಶಾರ್ಜಾದ ಒಂದು ಬೆಡ್‌ರೂಮ್ ಫ್ಲಾಟಿನಲ್ಲೋ ದಮ್ಮಾಮ್‌ನ ಶೇರಿಂಗ್ ಮನೆಯಲ್ಲೋ ಇರುವ ದಂಪತಿಗೆ ಆ ಆಸರೆ ಇಲ್ಲ. ಗಂಡ ಡ್ಯೂಟಿಗೆ ಹೋದ ಮೇಲೆ ಹೆಂಡತಿ ಒಬ್ಬಳೇ. ಸಲಹೆ ಎಂದರೆ ವಿಡಿಯೊ ಕಾಲ್‌ನಲ್ಲಿ ಬಂದದ್ದಷ್ಟೇ.

ಕೆಲಸದಲ್ಲಿರುವ ತಾಯಂದಿರಿಗೆ ಬಾಟಲಿ ಅನಿವಾರ್ಯವೂ ಆಗುತ್ತದೆ. ಯುಎಇಯ ಖಾಸಗಿ ಕಂಪನಿಗಳಲ್ಲಿ ಹೆರಿಗೆ ರಜೆ 60 ದಿನ. ಅದರಲ್ಲಿ 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ ಸಂಬಳ. ಕತಾರ್‌ನಲ್ಲಿ 50 ದಿನ. ಒಮಾನ್‌ನಲ್ಲಿ 2023ರ ಕಾರ್ಮಿಕ ಕಾನೂನಿನ ಪ್ರಕಾರ 98 ದಿನ. ಎರಡು ತಿಂಗಳ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಬೇಕಾದಾಗ, ಮಗು ಬಾಟಲಿ ಮುಟ್ಟುತ್ತಿಲ್ಲ ಅಂದ್ರೆ ಅದು ಆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಆಗಿಬಿಡುತ್ತದೆ. ಸಮಾಧಾನದ ಸಂಗತಿ ಏನೆಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಸಣ್ಣದಿರುತ್ತದೆ, ಹುಡುಕಿದರೆ ಸಿಗುತ್ತದೆ.

ಮೊದಲು ಲೆಕ್ಕ: ಮಗುವಿಗೆ ಬೇಕಾದ ಹಾಲು ಎಷ್ಟು?

ಎಷ್ಟೋ ಮನೆಗಳಲ್ಲಿ ಮಗು ಸಾಕಷ್ಟು ಕುಡಿದೇ ಇರುತ್ತದೆ. ಬಾಟಲಿಯಲ್ಲಿ ಉಳಿದದ್ದನ್ನು ಖಾಲಿ ಮಾಡಿಸಲು ಹೋದಾಗ ಅಳು ಶುರುವಾಗುತ್ತದೆ. ಆದ್ದರಿಂದ ಲೆಕ್ಕ ಗೊತ್ತಿರಬೇಕು.

ಮೊದಲ ವಾರ ಕಳೆದ ಮೇಲೆ, ಪೂರ್ತಿ ಬಾಟಲಿ ಹಾಲಿನ ಮೇಲಿರುವ ಮಗುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 150 ಮಿಲಿ ಹಾಲು ಬೇಕಾಗುತ್ತದೆ. ಕೆಲವು ಮಕ್ಕಳಿಗೆ 200 ಮಿಲಿವರೆಗೂ ಬೇಕು.

- 4 ಕಿಲೋ ಮಗು: 4 × 150 = ದಿನಕ್ಕೆ 600 ಮಿಲಿ. 8 ಸಲ ಕುಡಿದರೆ ಒಂದು ಸಲಕ್ಕೆ 75 ಮಿಲಿ.
- 5 ಕಿಲೋ ಮಗು: 5 × 150 = ದಿನಕ್ಕೆ 750 ಮಿಲಿ. 6 ಸಲ ಕುಡಿದರೆ ಒಂದು ಸಲಕ್ಕೆ 125 ಮಿಲಿ.

ಇದು ದಿನದ ಒಟ್ಟು ಲೆಕ್ಕ. ಒಂದು ಸಲ 50 ಮಿಲಿ, ಇನ್ನೊಂದು ಸಲ 110 ಮಿಲಿ ಕುಡಿದರೂ ಪರವಾಗಿಲ್ಲ, ಸಂಜೆ ಹೊತ್ತಿಗೆ ಸರಿಹೋಗುತ್ತದೆ. ಎದೆಹಾಲೂ ಕುಡಿಯುವ ಮಗುವಿಗೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಡಬ್ಬಿಯ ಮೇಲಿನ ಪಟ್ಟಿ ಕೂಡ ಒಂದು ಅಂದಾಜು ಮಾತ್ರ.

ಹಾಲು ಸಾಕಾಗುತ್ತಿದೆಯೇ ಎಂದು ನೋಡಲು ಎರಡು ಗುರುತು ನಂಬಬಹುದು. ಹುಟ್ಟಿ 5 ದಿನ ಕಳೆದ ಮೇಲೆ 24 ಗಂಟೆಯಲ್ಲಿ 6 ಅಥವಾ ಹೆಚ್ಚು ಡೈಪರ್ ಚೆನ್ನಾಗಿ ಒದ್ದೆಯಾಗಬೇಕು. ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ತೂಕ ಏರಬೇಕು. ಇವೆರಡೂ ಸರಿ ಇದ್ದರೆ ಬಾಟಲಿಯ ತಳದಲ್ಲಿ 20 ಮಿಲಿ ಉಳಿಯಿತು ಅಂತ ಚಿಂತೆ ಬೇಡ.

ಯಾವ ಹೊತ್ತಿನಲ್ಲಿ ಅಳುತ್ತದೆ?

ಅಳು ಶುರುವಾಗುವ ಹೊತ್ತು ಕಾರಣದ ಸುಳಿವು ಕೊಡುತ್ತದೆ.

*ಕುಡಿಯಲು ಶುರು ಮಾಡಿದ ಕೂಡಲೇ ಕೆಮ್ಮು, ನೆಗ್ಗು, ಬಾಯಿಯ ಬದಿಯಿಂದ ಹಾಲು ಸೋರುವುದು:* ಹಾಲು ವೇಗವಾಗಿ ಬರುತ್ತಿದೆ. ನಿಪ್ಪಲ್‌ನ ತೂತು ದೊಡ್ಡದಾಗಿರಬಹುದು.

*ಜೋರಾಗಿ ಚೀಪಿ, ಸಿಟ್ಟಿನಿಂದ ಬಿಟ್ಟು, ಮತ್ತೆ ಹಿಡಿಯುವುದು. ನಿಪ್ಪಲ್ ಒಳಗೆ ಅಂಟಿಕೊಳ್ಳುವುದು:* ಹಾಲು ಸಾಕಷ್ಟು ಬರುತ್ತಿಲ್ಲ. ಮುಚ್ಚಳದ ರಿಂಗ್ ಬಿಗಿಯಾದರೆ ಗಾಳಿ ಒಳಗೆ ಹೋಗದೆ ಹೀಗಾಗುತ್ತದೆ. ಸ್ವಲ್ಪ ಸಡಿಲಿಸಿ ನೋಡಬೇಕು.

*ಅರ್ಧ ಕುಡಿದ ಮೇಲೆ ಕಾಲು ಮಡಚಿ ಒದ್ದಾಡುವುದು:* ಹೊಟ್ಟೆಯಲ್ಲಿ ಗಾಳಿ ಸೇರಿರಬಹುದು. ತೇಗು ಬರಿಸಿ, ಮತ್ತೆ ಕೊಟ್ಟು ನೋಡಬೇಕು.

*ಕುಡಿಯುವಾಗ ಮತ್ತು ಕುಡಿದ ಮೇಲೆ ಬೆನ್ನು ಬಾಗಿಸಿ ಅಳು, ಜೊತೆಗೆ ಕಕ್ಕುವುದು:* ಹೊಟ್ಟೆಯ ಹಾಲು ಅನ್ನನಾಳಕ್ಕೆ ವಾಪಸ್ ಬರುತ್ತಿರಬಹುದು. ಎಳೆ ಮಕ್ಕಳಲ್ಲಿ ಇದು ಮಾಮೂಲು, ಒಂದು ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ. ಸ್ವಲ್ಪ ಸ್ವಲ್ಪ ಹಾಲನ್ನು ಹೆಚ್ಚು ಸಲ ಕೊಡುವುದು, ಕುಡಿದ ಮೇಲೆ 20ರಿಂದ 30 ನಿಮಿಷ ನೆಟ್ಟಗೆ ಎತ್ತಿಕೊಳ್ಳುವುದು ಸಹಾಯ ಮಾಡುತ್ತದೆ. ಮಲಗಿಸುವುದು ಮಾತ್ರ ಯಾವಾಗಲೂ ಸಮತಟ್ಟು ಹಾಸಿಗೆಯಲ್ಲಿ, ಅಂಗಾತವಾಗಿಯೇ.

*ಎರಡು ಗುಟುಕಿಗೊಮ್ಮೆ ಬಿಟ್ಟು ಉಸಿರಾಡುವುದು:* ಮೂಗು ಕಟ್ಟಿದೆ. ಎಸಿ ಕೋಣೆಯ ಒಣ ಗಾಳಿಯೂ ಕಾರಣ ಇರಬಹುದು. ಕುಡಿಸುವ ಮೊದಲು ಒಂದೆರಡು ಹನಿ ಸಲೈನ್ ಡ್ರಾಪ್ಸ್ ಹಾಕಬಹುದು.

*ನಾಲಿಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಕಲೆ:* ಬಾಯಿಯ ಫಂಗಸ್ ಸೋಂಕು. ಡಾಕ್ಟರ್ ಕೊಡುವ ಔಷಧಿಯಿಂದ ಗುಣವಾಗುತ್ತದೆ.

*ಮೈಮೇಲೆ ಗಂದೆ, ಮಲದಲ್ಲಿ ಲೋಳೆ ಅಥವಾ ರಕ್ತ, ಪದೇ ಪದೇ ವಾಂತಿ:* ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು. ಇದನ್ನು ಡಾಕ್ಟರೇ ನಿರ್ಧರಿಸಬೇಕು. ವಾರಕ್ಕೊಂದು ಬ್ರ್ಯಾಂಡ್ ಬದಲಿಸುವುದರಿಂದ ಹಣ ಹೋಗುತ್ತದೆ, ಮಗು ಇನ್ನಷ್ಟು ಗೊಂದಲಕ್ಕೆ ಬೀಳುತ್ತದೆ. ಮೇಕೆ ಹಾಲಿನ ಪೌಡರ್ ಇದಕ್ಕೆ ಪರಿಹಾರವಲ್ಲ.

*ಸಂಜೆ ಹೊತ್ತು ಮಾತ್ರ ಅಳು:* ಮಕ್ಕಳ ಅಳು ಸುಮಾರು 6 ವಾರದ ಹೊತ್ತಿಗೆ ತುತ್ತತುದಿ ಮುಟ್ಟಿ, 3-4 ತಿಂಗಳಿಗೆ ಇಳಿಯುತ್ತದೆ. ಅಂಥ ಅಳುವಿಗೆ ಬಾಟಲಿ ಕಾರಣವಲ್ಲ.

ನಿಪ್ಪಲ್ ಸರಿ ಇದೆಯೇ?

ನಿಪ್ಪಲ್‌ಗಳಲ್ಲಿ 1, 2, 3 ಎಂದು ನಂಬರ್ ಇರುತ್ತದೆ. ನಂಬರ್ ಹೆಚ್ಚಾದಂತೆ ಹಾಲು ವೇಗವಾಗಿ ಬರುತ್ತದೆ. ಬಾಟಲಿ ತಲೆಕೆಳಗೆ ಹಿಡಿದರೆ ಹಾಲು ಹನಿ ಹನಿಯಾಗಿ ಬೀಳಬೇಕು, ಧಾರೆಯಾಗಿ ಸುರಿಯಬಾರದು. ಬೇರೆ ಬೇರೆ ಕಂಪನಿಯ 1ನೇ ನಂಬರಿನ ವೇಗ ಒಂದೇ ಇರುವುದಿಲ್ಲ, ಆದ್ದರಿಂದ ಡಬ್ಬಿಯ ಮೇಲಿನ ತಿಂಗಳಿಗಿಂತ ಮಗು ಕುಡಿಯುವ ರೀತಿ ನೋಡಿ ಆರಿಸಬೇಕು. ಸೂಜಿ ಕಾಯಿಸಿ ತೂತು ದೊಡ್ಡದು ಮಾಡುವ ಹಳೆಯ ಅಭ್ಯಾಸ ಬೇಡ. ಹಾಲು ಉಸಿರಿನ ದಾರಿಗೆ ಹೋಗುವ ಅಪಾಯವಿದೆ. ಅಂಟಂಟಾದ, ಸೀಳಿದ, ಬಣ್ಣ ಕೆಟ್ಟ ನಿಪ್ಪಲ್ ಎಸೆಯಬೇಕು.

ಕುಡಿಸುವ ಕ್ರಮ

1. ಮಗು ಹಸಿದು ಕಿರುಚುವ ತನಕ ಕಾಯಬಾರದು. ಬಾಯಿ ತೆರೆದು ಹುಡುಕುವುದು, ಕೈ ಚೀಪುವುದು, ತುಟಿ ಚಪ್ಪರಿಸುವುದು ಹಸಿವಿನ ಮೊದಲ ಸೂಚನೆ. ಅತ್ತು ಸುಸ್ತಾದ ಮಗು ಮೊದಲು ಸಮಾಧಾನವಾಗಬೇಕು, ಆಮೇಲೆ ಬಾಟಲಿ.
2. ಟಿವಿ, ಮೊಬೈಲ್ ಆಫ್ ಮಾಡಿ, ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಕೂರಬೇಕು. 3 ತಿಂಗಳು ದಾಟಿದ ಮಗು ಸಣ್ಣ ಸದ್ದಿಗೂ ತಿರುಗಿ ನೋಡುತ್ತದೆ.
3. ಮಗುವನ್ನು ಪೂರ್ತಿ ಮಲಗಿಸದೆ, ತಲೆ-ಕುತ್ತಿಗೆಗೆ ಆಸರೆ ಕೊಟ್ಟು, ಹೆಚ್ಚುಕಡಿಮೆ ಕೂತ ಭಂಗಿಯಲ್ಲಿ ಹಿಡಿಯಬೇಕು.
4. ನಿಪ್ಪಲನ್ನು ತುಟಿಗೆ ಮೆಲ್ಲಗೆ ತಾಗಿಸಬೇಕು. ಮಗು ತಾನೇ ಬಾಯಿ ತೆರೆದು ಎಳೆದುಕೊಳ್ಳಲಿ, ತುರುಕಬಾರದು.
5. ಬಾಟಲಿ ಅಡ್ಡವಾಗಿ, ನಿಪ್ಪಲ್‌ನಲ್ಲಿ ಹಾಲು ಇರುವಷ್ಟು ಮಾತ್ರ ಓರೆ ಇರಬೇಕು. ಹೀಗಾದರೆ ಹಾಲು ತಾನಾಗಿ ಸುರಿಯದೆ, ಮಗು ಚೀಪಿದಷ್ಟೇ ಬರುತ್ತದೆ.
6. ಕೆಲವು ಗುಟುಕಿಗೊಮ್ಮೆ ಬಾಟಲಿ ತುಸು ಇಳಿಸಿ ವಿರಾಮ ಕೊಡಬೇಕು. ಕೈಬೆರಳು ಅಗಲಿಸುವುದು, ಹುಬ್ಬು ಗಂಟಿಕ್ಕುವುದು ಕಂಡರೆ ಮಗುವಿಗೆ ಬಿಡುವು ಬೇಕು ಎಂದರ್ಥ.
7. ಮುಖ ತಿರುಗಿಸಿದರೆ, ಬಾಯಿ ಮುಚ್ಚಿದರೆ, ನಿದ್ದೆಗೆ ಜಾರಿದರೆ ಅಲ್ಲಿಗೆ ಮುಗಿಯಿತು.

ದಿಂಬಿಗೆ ಬಾಟಲಿ ಆನಿಸಿಟ್ಟು ಅಡುಗೆಮನೆಗೆ ಹೋಗುವುದು ಎಷ್ಟೇ ಕೆಲಸ ಇದ್ದರೂ ಬೇಡ. ಮಗು ನೆಗ್ಗಿದರೆ ಗೊತ್ತಾಗುವುದೇ ಇಲ್ಲ.

ಒತ್ತಾಯದಿಂದ ಬರುವ ಹೆದರಿಕೆ

ಮೊದಲ ವಾರಗಳಲ್ಲಿ ಮಗು ಚೀಪುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಬಾಯಿಗೆ ಇಟ್ಟರೆ ಚೀಪುತ್ತದೆ. ಎರಡು-ಮೂರು ತಿಂಗಳ ಹೊತ್ತಿಗೆ ಅದು ಮಗುವಿನ ಇಷ್ಟಕ್ಕೆ ಬಿಟ್ಟ ಕೆಲಸವಾಗುತ್ತದೆ. 'ಇಷ್ಟು ದಿನ ಚೆನ್ನಾಗಿ ಕುಡಿಯುತ್ತಿದ್ದ ಪಾಪು ಈಗ ಯಾಕೆ ಹೀಗೆ' ಎನ್ನುವುದಕ್ಕೆ ಇದೂ ಒಂದು ಕಾರಣ. ಈ ಹೊತ್ತಿನಲ್ಲಿ ತಲೆ ಹಿಡಿದು, ಗಲ್ಲ ಒತ್ತಿ ಕುಡಿಸಿದರೆ ಮಗು ಬಾಟಲಿ ಕಂಡರೇ ಹೆದರಲು ಕಲಿಯುತ್ತದೆ. ನೋವಿಗೆ ಔಷಧಿ ಆದ ಮೇಲೂ ಆ ಹೆದರಿಕೆ ಉಳಿಯಬಹುದು.

ಇದರ ಗುರುತು: ಬಿಬ್ ಕಟ್ಟಿದರೆ ಅಥವಾ ಕುಡಿಸುವ ಭಂಗಿಯಲ್ಲಿ ಹಿಡಿದರೇ ಅಳು, ಎಚ್ಚರದಲ್ಲಿ ಬೇಡ, ನಿದ್ದೆಗಣ್ಣಿನಲ್ಲಿ ಮಾತ್ರ ಕುಡಿಯುವುದು. ದಾರಿ ಒಂದೇ, ಒತ್ತಾಯ ಪೂರ್ತಿ ನಿಲ್ಲಿಸುವುದು. ಬಾಟಲಿ ತೋರಿಸಿ, ಬೇಡ ಎಂದರೆ ತೆಗೆದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳುವುದು. ಮತ್ತೆ ಬೇಡ ಎಂದರೆ ಮುಂದಿನ ಹಸಿವಿನ ತನಕ ಬಿಡುವುದು. ಮೊದಲ ದಿನಗಳಲ್ಲಿ ಹಾಲು ಕಡಿಮೆ ಆಗಬಹುದು. ಹಾಗಾಗಿ ಈ ಕ್ರಮವನ್ನು ಮಕ್ಕಳ ಡಾಕ್ಟರ ಗಮನಕ್ಕೆ ತಂದು, ತೂಕ ಮತ್ತು ಒದ್ದೆ ಡೈಪರ್ ನೋಡುತ್ತಲೇ ಮಾಡಬೇಕು. ಮನೆಯಲ್ಲಿ ಎಲ್ಲರೂ ಒಂದೇ ಕ್ರಮ ಹಿಡಿಯಬೇಕು. ಅಮ್ಮ ಬಿಟ್ಟದ್ದನ್ನು ಅಪ್ಪ ಬಲವಂತವಾಗಿ ಕುಡಿಸಿದರೆ ಲಾಭವಿಲ್ಲ.

ಹಾಲು ಕಲಸುವಾಗ

ಪೌಡರ್ ಹಾಲು ಕ್ರಿಮಿರಹಿತವಲ್ಲ. ಅದಕ್ಕೇ ನೀರು ಕುದಿಸಿ, 70 ಡಿಗ್ರಿಗಿಂತ ತಣ್ಣಗಾಗುವ ಮೊದಲು, ಅಂದರೆ ಕುದಿಸಿ ಅರ್ಧ ಗಂಟೆಯೊಳಗೆ ಪೌಡರ್ ಹಾಕಬೇಕು. ಬಾಟಲಿಗೆ ಮೊದಲು ನೀರು, ನಂತರ ಪೌಡರ್. ಆಮೇಲೆ ನಲ್ಲಿ ನೀರಿನ ಕೆಳಗೆ ಬಾಟಲಿ ತಣಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಬೇಕು. ಬೇಸಿಗೆಯಲ್ಲಿ ಟೆರೇಸ್ ಟ್ಯಾಂಕಿನ ನೀರೇ ಬಿಸಿ ಇರುವುದರಿಂದ ತಣ್ಣೀರಿನ ಪಾತ್ರೆಯಲ್ಲಿಡುವುದು ಸುಲಭ. ಬಾಟಲ್ ನೀರನ್ನೂ ಕುದಿಸಲೇಬೇಕು. ಅದರ ಲೇಬಲ್‌ನಲ್ಲಿ ಸೋಡಿಯಂ ಲೀಟರಿಗೆ 200 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಮೈಕ್ರೋವೇವ್‌ನಲ್ಲಿ ಹಾಲು ಬಿಸಿ ಮಾಡಿದರೆ ಅಲ್ಲಲ್ಲಿ ಸುಡುವಷ್ಟು ಬಿಸಿಯಾಗುತ್ತದೆ, ಬೇಡ. ಕುಡಿದು ಉಳಿದದ್ದನ್ನು ಒಂದು ಗಂಟೆಯ ನಂತರ ಚೆಲ್ಲಬೇಕು.

ಚಮಚದ ಅಳತೆ ಎಲ್ಲ ಡಬ್ಬಿಗೂ ಒಂದೇ ಅಲ್ಲ. ಕೆಲವು ಬ್ರ್ಯಾಂಡ್‌ಗಳಲ್ಲಿ 30 ಮಿಲಿ ನೀರಿಗೆ ಒಂದು ಚಮಚ, ಕೆಲವದರಲ್ಲಿ 60 ಮಿಲಿಗೆ ಒಂದು. ಊರಿಂದ ತಂದ ಡಬ್ಬಿಯ ಚಮಚವನ್ನು ಇಲ್ಲಿಯ ಡಬ್ಬಿಗೆ ಬಳಸಿದರೆ ಹಾಲು ಗಟ್ಟಿಯಾಗಬಹುದು ಅಥವಾ ನೀರಾಗಬಹುದು. ಗಟ್ಟಿಯಾದರೆ ಮಲಬದ್ಧತೆ, ದೇಹದಲ್ಲಿ ನೀರಿನ ಕೊರತೆ. ನೀರಾದರೆ ಮಗುವಿನ ಹಸಿವು ತೀರದೆ ಅಳು, ತೂಕ ಏರುವುದಿಲ್ಲ. ತಿಂಗಳ ಕೊನೆಯಲ್ಲಿ ಸಂಬಳ ಬರುವ ತನಕ ಡಬ್ಬಿ ಎಳೆಯೋಣ ಅಂತ ನೀರು ಹೆಚ್ಚು ಹಾಕುವುದು ಅಪಾಯ. ಕೈ ಬಿಗಿಯಿದ್ದರೆ ಕಡಿಮೆ ಬೆಲೆಯ ಬ್ರ್ಯಾಂಡ್ ಆಗಬಹುದೇ ಎಂದು ಡಾಕ್ಟರನ್ನು ಕೇಳುವುದರಲ್ಲಿ ನಾಚಿಕೆ ಇಲ್ಲ.

ಕೆಲಸಕ್ಕೆ ಮರಳುವ ತಾಯಿಗೆ

ರಜೆ ಮುಗಿಯುವ ಎರಡು-ಮೂರು ವಾರ ಮೊದಲೇ ದಿನಕ್ಕೊಂದು ಸಲ ಬಾಟಲಿ ಅಭ್ಯಾಸ ಶುರು ಮಾಡಬೇಕು. ತಾಯಿಯ ವಾಸನೆ ಬಂದರೆ ಮಗು ಎದೆಹಾಲನ್ನೇ ಕೇಳುತ್ತದೆ. ಮೊದಲ ಬಾಟಲಿ ಅಪ್ಪ ಅಥವಾ ನೋಡಿಕೊಳ್ಳುವವರು ಕೊಡಲಿ, ಅಮ್ಮ ಬೇರೆ ಕೋಣೆಯಲ್ಲಿರಲಿ. ಹಿಂಡಿದ ಎದೆಹಾಲನ್ನೇ ತುಂಬಿಸಿದರೆ ರುಚಿಯ ತಕರಾರು ಇರುವುದಿಲ್ಲ. ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಆಫೀಸಿನಿಂದ ತರುವಾಗ ಐಸ್ ಪ್ಯಾಕ್ ಇರುವ ಚೀಲ ಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಲೇಬಾರದು.

ಯುಎಇಯಲ್ಲಿ ಹೆರಿಗೆಯಾದ ದಿನದಿಂದ 6 ತಿಂಗಳವರೆಗೆ, ಕೆಲಸದ ನಡುವೆ ಮಗುವಿಗೆ ಹಾಲುಣಿಸಲು ದಿನಕ್ಕೆ ಒಂದು ಗಂಟೆಯ ಬಿಡುವು ಕಾನೂನಿನಲ್ಲಿದೆ. ಸಂಬಳ ಕಡಿತವಿಲ್ಲ. ಅಪ್ಪನಿಗೂ ಮಗು ಹುಟ್ಟಿದ 6 ತಿಂಗಳೊಳಗೆ 5 ಕೆಲಸದ ದಿನಗಳ ಸಂಬಳ ಸಹಿತ ರಜೆ ಇದೆ. ಬಾಟಲಿ ಅಭ್ಯಾಸದ ವಾರಕ್ಕೆ ಈ ರಜೆ ಹೊಂದಿಸಿಕೊಂಡರೆ ಒಳ್ಳೆಯದು.

ಬಾಟಲಿಯನ್ನು ಎಷ್ಟಕ್ಕೂ ಒಪ್ಪದ ಮಗುವಿಗೆ ಸಣ್ಣ ಲೋಟದಲ್ಲಿ ಅಥವಾ ನಮ್ಮ ಊರಿನ ಒಳಲೆಯಲ್ಲಿ ಕುಡಿಸಬಹುದು. ಮಗುವನ್ನು ನೆಟ್ಟಗೆ ಕೂರಿಸಿ, ತುಟಿಗೆ ತಾಗಿಸಿ, ಮಗು ತಾನೇ ಹೀರುವಂತೆ ಮಾಡಬೇಕು. ಮಲಗಿಸಿ ಗಂಟಲಿಗೆ ಸುರಿಯುವುದು ಬೇಡ.

ಊರಿನಿಂದ ಬರುವ ಸಲಹೆಗಳು

ಗ್ರೈಪ್ ವಾಟರ್, ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಸಕ್ಕರೆ ನೀರು, ಬಾಟಲಿಗೆ ರಾಗಿ ಮಣ್ಣಿ. ಹೇಳುವವರ ಪ್ರೀತಿ ನಿಜ. ಆದರೆ 6 ತಿಂಗಳ ತನಕ ಹಾಲಿನ ಹೊರತು, ಡಾಕ್ಟರ್ ಹೇಳಿದ ಔಷಧಿ ಬಿಟ್ಟು, ಬೇರೇನೂ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ಕೊಡಬಾರದು, ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಇಲ್ಲಿಯ ಸೆಕೆಗೆ ಮಗುವಿಗೆ ನೀರು ಕೊಡಬೇಕು ಅನಿಸುತ್ತದೆ. ಎಳೆ ಮಗುವಿಗೆ ಬರೀ ನೀರು ಕೊಟ್ಟರೆ ಹೊಟ್ಟೆ ತುಂಬಿ ಹಾಲು ಕಡಿಮೆಯಾಗುತ್ತದೆ, ರಕ್ತದ ಉಪ್ಪಿನಂಶವೂ ಇಳಿಯುತ್ತದೆ. ಸೆಕೆ ಇದ್ದರೆ ಹಾಲನ್ನೇ ಹೆಚ್ಚು ಸಲ ಕೊಡಬೇಕು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

- 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಅಥವಾ ಹೆಚ್ಚು ಜ್ವರ
- ಹಸಿರು ಬಣ್ಣದ ಅಥವಾ ರಕ್ತ ಇರುವ ವಾಂತಿ
- ಪ್ರತಿ ಸಲ ಕುಡಿದ ಮೇಲೆ ದೂರಕ್ಕೆ ಚಿಮ್ಮುವ ವಾಂತಿ
- ಡೈಪರ್ ಒದ್ದೆಯಾಗುವುದು ತೀರಾ ಕಡಿಮೆಯಾಗುವುದು, ನೆತ್ತಿ ಗುಳಿ ಬೀಳುವುದು
- ಕುಡಿಯುವಾಗ ಬೆವರುವುದು, ಏದುಸಿರು, ತುಟಿ ನೀಲಿಯಾಗುವುದು
- ಎಬ್ಬಿಸಿದರೂ ಏಳದ ಮಂಪರು, ಒಂದರ ಹಿಂದೊಂದು ಸಲ ಹಾಲು ಪೂರ್ತಿ ನಿರಾಕರಣೆ

ಆಂಬ್ಯುಲೆನ್ಸ್ ನಂಬರ್: ಯುಎಇ 998, ಸೌದಿ 997, ಕತಾರ್ 999, ಬಹ್ರೇನ್ 999, ಕುವೈತ್ 112, ಒಮಾನ್ 9999.

ಇನ್ಶೂರೆನ್ಸ್ ವಿಷಯವನ್ನೂ ಮರೆಯಬಾರದು. ದುಬೈಯಲ್ಲಿ ಹುಟ್ಟಿದ ಮಗುವಿಗೆ ಮೊದಲ 30 ದಿನ ತಾಯಿಯ ಪಾಲಿಸಿಯಲ್ಲೇ ರಕ್ಷಣೆ ಸಿಗುತ್ತದೆ. ಹಾಲಿನ ತೊಂದರೆ ಹೆಚ್ಚಾಗಿ ಕಾಣುವುದು ಅದಾದ ಮೇಲೆಯೇ. ಮಗುವಿನ ಹೆಸರು ಪಾಲಿಸಿಗೆ ಸೇರಿದೆಯೇ ಎಂದು ಕಂಪನಿಯ ಎಚ್‌ಆರ್‌ನಲ್ಲಿ ಮೊದಲೇ ವಿಚಾರಿಸಿಟ್ಟರೆ ಕೊನೇ ಗಳಿಗೆಯ ಪರದಾಟ ತಪ್ಪುತ್ತದೆ.

ಒಂದು ಸಣ್ಣ ಪುಸ್ತಕ

ಒಂದು ನೋಟ್‌ಬುಕ್‌ನಲ್ಲಿ ಐದು ಕಾಲಂ ಹಾಕಿ: ಸಮಯ, ಕುಡಿದ ಹಾಲು, ಅಳು ಶುರುವಾದ ಹೊತ್ತು, ಕಕ್ಕಿದ್ದು, ಒದ್ದೆ ಡೈಪರ್. ಮೂರು ದಿನ ಬರೆದರೆ ಸಾಕು. 'ಏನೂ ಕುಡಿಯುತ್ತಿಲ್ಲ' ಅನಿಸಿದ ಮಗು 24 ಗಂಟೆಯಲ್ಲಿ 580 ಮಿಲಿ ಕುಡಿದದ್ದು ಲೆಕ್ಕದಲ್ಲಿ ಕಾಣಬಹುದು. ನಿಜವಾಗಿಯೂ ಕಡಿಮೆಯಾಗಿದ್ದರೆ ಅದೂ ಕಾಣುತ್ತದೆ. ಹತ್ತು ನಿಮಿಷದ ಅಪಾಯಿಂಟ್‌ಮೆಂಟ್‌ನಲ್ಲಿ ಡಾಕ್ಟರಿಗೆ ಈ ಪುಟ ತೋರಿಸಿದರೆ ವಿವರಿಸುವ ಕಷ್ಟ ಅರ್ಧ ಕಡಿಮೆ.

ಕುಡಿಸುವವರ ಮನಸ್ಸನ್ನೂ ನೋಡಿಕೊಳ್ಳಬೇಕು. ಅಳು ತಡೆಯಲಾಗದೆ ಸಿಟ್ಟು ಬಂದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ನೀರು ಕುಡಿದು ಬರುವುದು ತಪ್ಪಲ್ಲ. ಮಗುವನ್ನು ಯಾವ ಕಾರಣಕ್ಕೂ ಕುಲುಕಬಾರದು, ಮೆದುಳಿಗೆ ಪೆಟ್ಟಾಗುತ್ತದೆ. ತಾಯಿ ಎರಡು ವಾರಕ್ಕಿಂತ ಹೆಚ್ಚು ಕಾಲ ಸುಮ್ಮಸುಮ್ಮನೆ ಅಳುತ್ತಿದ್ದರೆ, ಮಗು ಮಲಗಿದರೂ ಆಕೆಗೆ ನಿದ್ದೆ ಬರದಿದ್ದರೆ, ಅದಕ್ಕೂ ಡಾಕ್ಟರ ಬಳಿ ಚಿಕಿತ್ಸೆ ಇದೆ. ರಾತ್ರಿಯ ಒಂದು ಬಾಟಲಿಯ ಜವಾಬ್ದಾರಿಯನ್ನು ಅಪ್ಪ ಪೂರ್ತಿ ವಹಿಸಿಕೊಂಡರೆ ಬಾಣಂತಿಗೆ ಸತತ ನಾಲ್ಕು ಗಂಟೆ ನಿದ್ದೆ ಸಿಗುತ್ತದೆ. ನೋಡಿಕೊಳ್ಳುವ ಹಿರಿಯರು ಹತ್ತಿರ ಇಲ್ಲದ ಮನೆಯಲ್ಲಿ ಅಷ್ಟು ನಿದ್ದೆಯೂ ದೊಡ್ಡ ಸಹಾಯವೇ.