ಎಂಜಿನ್ನಿನ ಸಿಳ್ಳೆ, ಒಂದು ಊರಿನ ಕಣ್ಣುರಿ

ಚಳಿ ಬಿದ್ದ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನೊಳಗಿಂದ ಸಣ್ಣಗೆ ಸಿಳ್ಳೆ. ಐದು ನಿಮಿಷ ಓಡಿಸಿದರೆ ಮಾಯ. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಕಾರು ಪರಮ ಸಾಧು! ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಚೆನ್ನಾಗಿ ಪರಿಚಯವಿರುವ ಜಾತಿಯ ಬಗ್, ತೋರಿಸಲು ಹೋದಾಗ ಮಾತ್ರ ಬರುವುದಿಲ್ಲ :-)

ನನ್ನ ಹಳೇ ಕಾರಿಗೆ ಈ ರೋಗ ಬಂದಾಗ ನೋಡಿದವರೆಲ್ಲ ಫ್ಯಾನ್ ಬೆಲ್ಟನ್ನೇ ಬೈದರು. ನಮ್ಮ ಬೀದಿಯ ಮೆಕ್ಯಾನಿಕ್ ಮಾತ್ರ ಕಾರನ್ನು ರಾತ್ರಿ ತನ್ನ ಹತ್ತಿರವೇ ಬಿಡಿಸಿಕೊಂಡರು. ಬೆಳಿಗ್ಗೆ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ, ಸಿಳ್ಳೆ ಕೇಳುತ್ತಿರುವಾಗಲೇ ಆಯಿಲ್ ನೋಡುವ ಡಿಪ್‌ಸ್ಟಿಕ್ಕನ್ನು ಸ್ವಲ್ಪ ಮೇಲಕ್ಕೆಳೆದರು. ಸಿಳ್ಳೆ ನಿಂತಿತು. ಒಳಗೆ ತಳ್ಳಿದರು, ಮತ್ತೆ ಶುರು. "ಬೆಲ್ಟ್ ಅಲ್ಲ ಸಾರ್, ಪಿಸಿವಿ. ಒಳಗಿನ ರಬ್ಬರ್ ಹರಿದಿದೆ" ಅಂದರು.

ಈ ಪಿಸಿವಿ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಎಂಜಿನ್ನಿನ ಪಿಸ್ಟನ್ನಿಗೆ ಎಷ್ಟೇ ಬಿಗಿಯಾದ ರಿಂಗ್ ಹಾಕಿದರೂ ಪೆಟ್ರೋಲು-ಗಾಳಿಯ ಮಿಶ್ರಣ ಒಂದಿಷ್ಟು ಕೆಳಕ್ಕೆ, ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಇದಕ್ಕೆ ಬ್ಲೋ-ಬೈ ಎಂದು ಹೆಸರು. ಅಲ್ಲೇ ಉಳಿದರೆ ಒತ್ತಡ ಹೆಚ್ಚಿ ಸೀಲುಗಳು ಸೋರುತ್ತವೆ, ಆಯಿಲ್ ಕೆಸರಾಗುತ್ತದೆ. ಆದ್ದರಿಂದ ಎಂಜಿನ್ನಿನದೇ ಉಸಿರಿನ ಎಳೆತದಿಂದ ಅದನ್ನು ಮತ್ತೆ ಮೇಲಕ್ಕೆ ಕರೆದು ಸುಟ್ಟುಬಿಡುವ ವ್ಯವಸ್ಥೆಯೇ ಪಿಸಿವಿ. ಎಳೆತ ಅತಿಯಾಗಬಾರದೆಂದು ಹಲವು ಎಂಜಿನ್ನುಗಳಲ್ಲಿ ನಡುವೆ ಒಂದು ತೆಳು ರಬ್ಬರ್ ಪರದೆ ಇರುತ್ತದೆ. ಅದು ಹರಿದರೆ ಹೊರಗಿನ ಗಾಳಿ ಸಣ್ಣ ಕಿಂಡಿಯಿಂದ ರಭಸವಾಗಿ ನುಗ್ಗಿ ಕೊಳಲಿನಂತೆ ಕೂಗುತ್ತದೆ. ತಣ್ಣಗಿನ ರಬ್ಬರ್ ಗಡುಸು, ಸೀಳು ತೆರೆದೇ ಇರುತ್ತದೆ. ಬಿಸಿಯಾದರೆ ಮೆತ್ತಗಾಗಿ ಅಂಚುಗಳು ಕೂಡಿಕೊಳ್ಳುತ್ತವೆ. ಡಿಪ್‌ಸ್ಟಿಕ್ ಎಳೆದಾಗ ಗಾಳಿಗೆ ಸಲೀಸಾದ ಇನ್ನೊಂದು ದಾರಿ ಸಿಕ್ಕಿ ಕೂಗು ನಿಲ್ಲುತ್ತದೆ. ಎಷ್ಟು ಸರಳವಾದ ಪರೀಕ್ಷೆ ನೋಡಿ!

ಸರಿ, ಈ ರಬ್ಬರ್ ಪರದೆ ಅಲ್ಲಿಗೆ ಬಂದದ್ದಾದರೂ ಯಾಕೆ? ಅದರ ಕಥೆ ಶುರುವಾಗುವುದು ಗ್ಯಾರೇಜಿನಲ್ಲಲ್ಲ, ಅಮೆರಿಕದ ಒಂದು ಊರಿನಲ್ಲಿ.

1943ರ ಜುಲೈ 26. ಎರಡನೇ ಮಹಾಯುದ್ಧದ ನಡುಗಾಲ. ಲಾಸ್ ಏಂಜಲೀಸ್ ನಗರದ ಮೇಲೆ ಕಂದು ಹೊಗೆ ಕವಿಯಿತು. ಎರಡು-ಮೂರು ಬೀದಿಯಾಚೆ ಏನೂ ಕಾಣದು, ಎಲ್ಲರ ಕಣ್ಣಲ್ಲೂ ಉರಿ, ನೀರು. ಜಪಾನಿನವರು ವಿಷಾನಿಲ ಬಿಟ್ಟರೇನೋ ಎಂದು ಕೆಲವರು ಹೆದರಿದರು. ಆಮೇಲೆ ಬೆರಳು ತಿರುಗಿದ್ದು ಏಲಿಸೋ ಬೀದಿಯ ಒಂದು ಕಾರ್ಖಾನೆಯ ಕಡೆಗೆ. ಯುದ್ಧಕ್ಕೆ ಬೇಕಾದ ಕೃತಕ ರಬ್ಬರಿಗಾಗಿ ಅಲ್ಲಿ ಬ್ಯೂಟಾಡೈಈನ್ ತಯಾರಾಗುತ್ತಿತ್ತು. ಗಲಾಟೆಯಾಗಿ ಕಾರ್ಖಾನೆ ಕೆಲಕಾಲ ನಿಂತಿತು. ಹೊಗೆ ನಿಲ್ಲಲಿಲ್ಲ.

1947ರಲ್ಲಿ ಕೌಂಟಿಯವರು ವಾಯುಮಾಲಿನ್ಯ ತಡೆಗೆಂದೇ ಒಂದು ಇಲಾಖೆ ಕಟ್ಟಿದರು. ಕಾರ್ಖಾನೆ, ತೈಲ ಶುದ್ಧೀಕರಣಾಗಾರಗಳಿಗೆಲ್ಲ ಕಡಿವಾಣ ಬಿತ್ತು. 1957ರಲ್ಲಿ ಹಿತ್ತಲಲ್ಲಿ ಕಸ ಸುಡುವುದೂ ನಿಷೇಧವಾಯಿತು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಕಣ್ಣುರಿ ಹೋಗಲಿಲ್ಲ. ಕಣ್ಣಿಗೆ ಕಾಣುವ ಹೊಗೆಯನ್ನೇ ಎಲ್ಲರೂ ಅಟ್ಟಿಸಿಕೊಂಡು ಹೋಗಿದ್ದರು.

ರೋಗ ಪತ್ತೆಹಚ್ಚಿದವರು ಹಾಲೆಂಡಿನಲ್ಲಿ ಹುಟ್ಟಿದ ಆರೀ ಹಾಗೆನ್-ಸ್ಮಿಟ್. ಕ್ಯಾಲ್‌ಟೆಕ್‌ನ ರಸಾಯನ ವಿಜ್ಞಾನಿ. ಅನಾನಸಿನ ಪರಿಮಳದಲ್ಲಿ ಏನೇನಿದೆ ಎಂದು ಹುಡುಕುತ್ತಿದ್ದ ಮನುಷ್ಯ! ಅದೇ ಉಪಾಯದಿಂದ ಊರಿನ ಗಾಳಿಯನ್ನೂ ತಣಿಸಿ, ಇಳಿಸಿ, ನೋಡಿದರು. ಪೆಟ್ರೋಲಿನ ಸುಡದ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನ್ ಮತ್ತಿತರ ಉರಿ ಹತ್ತಿಸುವ ವಸ್ತುಗಳಾಗುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದರು. ಅಂದರೆ ಕಣ್ಣುರಿಸುವ ಆ ವಸ್ತು ಯಾವ ಚಿಮಣಿಯಿಂದಲೂ ಬರುತ್ತಿರಲಿಲ್ಲ, ಊರಿನ ಆಕಾಶದಲ್ಲೇ ತಯಾರಾಗುತ್ತಿತ್ತು. ಓಜೋನ್ ಎಷ್ಟಿದೆ ಎಂದು ಅಳೆಯಲು ಅವರ ತಂಡ ಬಳಸಿದ ಸಾಧನಗಳಲ್ಲಿ ಒಂದು ಯಾವುದು ಗೊತ್ತೇ? ಬಗ್ಗಿಸಿಟ್ಟ ರಬ್ಬರ್ ಪಟ್ಟಿ. ಓಜೋನ್ ತಗುಲಿದರೆ ಅದು ಬಿರುಕು ಬಿಡುತ್ತದೆ. ಬಿರುಕು ಎಷ್ಟು ಬೇಗ ಬಂತು ಎಂಬುದೇ ಲೆಕ್ಕ.

ಹಾಗಾದರೆ ಆರೋಪಿ ಕಾರು. ಇದನ್ನು ಒಪ್ಪುವವರು ಯಾರು? ಕೌಂಟಿಯ ಪ್ರತಿನಿಧಿ ಕೆನೆತ್ ಹಾನ್ 1953ರಿಂದ ಕಾರು ಕಂಪನಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಎಂಜಿನ್ನಿನ ಅನಿಲಗಳು ಗಾಳಿಯಲ್ಲಿ ಬೇಗ ಚದುರಿಹೋಗುತ್ತವೆ, ಅದರಿಂದ ಮಾಲಿನ್ಯದ ತೊಂದರೆಯಿಲ್ಲ ಎಂದು ಫೋರ್ಡ್ ಕಂಪನಿಯಿಂದ ಅವರಿಗೆ ಉತ್ತರ ಬಂತು.

ಆಗಲೂ ಎಲ್ಲರ ಕಣ್ಣು ಕಾರಿನ ಹಿಂದಿನ ಸೈಲೆನ್ಸರ್ ಪೈಪಿನ ಮೇಲೆಯೇ. ಆ ಕಾಲದ ಕಾರುಗಳಿಗೆ ಇನ್ನೊಂದು ಪೈಪೂ ಇತ್ತು. ಕ್ರ್ಯಾಂಕ್‌ಕೇಸಿನಿಂದ ನೆಲದ ಕಡೆಗೆ ಇಳಿಬಿಟ್ಟ ಕೊಳವೆ. ಕಾರು ಓಡುವಾಗ ಕೆಳಗಿನ ಗಾಳಿ ಬ್ಲೋ-ಬೈಯನ್ನು ಎಳೆದು ರಸ್ತೆಗೆ ಚೆಲ್ಲುತ್ತಿತ್ತು. ಅದನ್ನು ಸರಿಯಾಗಿ ಅಳೆದು ನೋಡಿದ್ದು 1950ರ ದಶಕದ ಕೊನೆಯಲ್ಲಿ. ಕಾರು ಹೊರಬಿಡುವ ಸುಡದ ಇಂಧನದಲ್ಲಿ ಸುಮಾರು ಐದನೇ ಒಂದು ಭಾಗ ಅಲ್ಲಿಂದಲೇ ಬರುತ್ತಿತ್ತು!

ಮದ್ದು ಹೊಸದೇನಲ್ಲ. ನೀರಿಗಿಳಿಯುವ ಸೇನಾ ವಾಹನಗಳಲ್ಲಿ ಆ ಕೊಳವೆಯಿಂದ ನೀರು ಒಳಗೆ ಹೋಗುತ್ತದೆಂದು ಯುದ್ಧಕಾಲದಲ್ಲೇ ಅದನ್ನು ಮುಚ್ಚಿ ಎಂಜಿನ್ನಿಗೇ ತಿರುಗಿಸಿದ್ದರು. ಒಂದು ಕೊಳವೆ, ಒಂದು ಪುಟ್ಟ ವಾಲ್ವು, ಅಷ್ಟೇ. 1961ರ ಮಾಡೆಲ್ಲಿನಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಅಮೆರಿಕನ್ ಕಾರುಗಳಿಗೆ ಪಿಸಿವಿ ಬಂತು. ಉಳಿದ ಅಮೆರಿಕಕ್ಕೆ 1963ರ ಮಾಡೆಲ್ಲಿನಿಂದ. ನಡುವೆ ಎರಡು ವರ್ಷ ಏಕೆ? 1969ರಲ್ಲಿ ಅಮೆರಿಕದ ನ್ಯಾಯ ಇಲಾಖೆ ದೊಡ್ಡ ಕಾರು ಕಂಪನಿಗಳ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಈ ಪ್ರಶ್ನೆಯೂ ಇತ್ತು. ಮಾಲಿನ್ಯ ತಡೆಯುವ ಸಾಧನಗಳನ್ನು ಒಟ್ಟಾಗಿ ಮಾತಾಡಿಕೊಂಡು ತಡಮಾಡಿದರು ಎಂಬುದು ಆರೋಪ. ಅದೇ ವರ್ಷ ರಾಜಿಯಲ್ಲಿ ಮುಗಿಯಿತು, ಕಂಪನಿಗಳು ತಪ್ಪೊಪ್ಪಿಕೊಳ್ಳಲಿಲ್ಲ. ಹಾಗೆನ್-ಸ್ಮಿಟ್ ಅಷ್ಟು ಹೊತ್ತಿಗೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದರು.

ನನಗೆ ಇದರಲ್ಲಿ ಇಷ್ಟವಾಗುವುದು ಪತ್ತೆದಾರಿಕೆಯ ರೀತಿ. ಕಾರ್ಖಾನೆ ನಿಲ್ಲಿಸಿದರೂ ಹೊಗೆ ನಿಲ್ಲದಿದ್ದಾಗ ಒಂದು ಊಹೆ ಬಿದ್ದುಹೋಯಿತು. ಬೆಲ್ಟೋ ಪಿಸಿವಿಯೋ ಎಂದು ತಿಳಿಯಲು ಡಿಪ್‌ಸ್ಟಿಕ್ ಎಳೆಯುವುದೂ ಇದೇ ಲೆಕ್ಕ. ಒಂದನ್ನು ಬದಲಿಸು, ಸದ್ದು ಹೋಯಿತೋ ನೋಡು, ಮತ್ತೆ ಹಾಕು, ಮತ್ತೆ ಬಂತೋ ನೋಡು. ಡೀಬಗ್ ಮಾಡುವ ನಾವೂ ಬೇರೇನು ಮಾಡುತ್ತೇವೆ?

ಕೊನೆಗೊಂದು ಮಾತು, ಹಳೇ ಕಾರು ಇಟ್ಟುಕೊಂಡವರಿಗೆ. ಪಿಸಿವಿ ಬದಲಿಸುವ ಖರ್ಚು ಯಾಕೆ ಸಾರ್, ಆ ಪೈಪು ಬಿಚ್ಚಿ, ಮೇಲಿನ ತೂತು ಮುಚ್ಚಿ, ಕೆಳಕ್ಕೆ ಇಳಿಬಿಡೋಣ ಎನ್ನುವವರು ಸಿಗುತ್ತಾರೆ. ಸಿಳ್ಳೆ ಖಂಡಿತ ನಿಲ್ಲುತ್ತದೆ. ಆದರೆ ಹಾಗೆ ಇಳಿಬಿಟ್ಟ ಪೈಪು ಇದೆಯಲ್ಲ, 1943ರ ಲಾಸ್ ಏಂಜಲೀಸಿನ ಕಾರುಗಳ ಹೊಟ್ಟೆಯಡಿ ನೇತಾಡುತ್ತಿದ್ದದ್ದೂ ಅದೇ. ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ನಿಲ್ಲುವ ಸ್ಕೂಟರಿನವರ ಕಣ್ಣನ್ನೂ ಸ್ವಲ್ಪ ನೆನಪಿಸಿಕೊಳ್ಳಿ.